ಹಿಂಡೋ ಹಾಡು

ಲಾಂಡ್ರಿಯಲ್ಲಿ ಕಿವಿಗೆ ಇರುವಷ್ಟು ಕೆಲಸ ಕಣ್ಣಿಗಿಲ್ಲ. ಹಬೆಯ ಪ್ರೆಸ್ಸಿನ ಮುಚ್ಚಳ ಯಾವಾಗ ಎತ್ತಬೇಕು ಅಂತ ಅಲ್ಲಿ ಯಾರೂ ಗಡಿಯಾರ ನೋಡುವುದಿಲ್ಲ. ಅದು 'ಟುಸ್' ಅಂದಾಗ ಕೈ ತಾನಾಗಿ ಹಿಡಿಕೆಗೆ ಹೋಗುತ್ತದೆ. ಸಾಲಿನ ಪ್ರೆಸ್ಸುಗಳೆಲ್ಲ ಒಂದು ಸಲ ಟುಸ್ ಅಂದು ಸುಮ್ಮನಾಗುತ್ತವೆ, ಗೋಡೆ ಪಕ್ಕದ ಹಳೆಯದೊಂದನ್ನು ಬಿಟ್ಟು. ಅದರ ವಾಲ್ವು ಸವೆದಿದೆ. ದೊಡ್ಡದಾಗಿ ಒಂದು ಟುಸ್ ಬಿಟ್ಟು, ಉಸಿರು ಹಿಡಿದು, ಆಮೇಲೆ ಚಿಕ್ಕದಾಗಿ ಇನ್ನೊಂದು ಬಿಡುತ್ತದೆ. ಎಲ್ಲರೂ ಅದನ್ನು ಕೆಮ್ಮಜ್ಜಿ ಅನ್ನುತ್ತಾರೆ. ಕೆಮ್ಮಜ್ಜಿಯ ಎರಡನೇ ಕೆಮ್ಮಿಗೆ ಮೊದಲೇ ಮುಚ್ಚಳ ಎತ್ತಿದರೆ ಬಟ್ಟೆ ಹಸಿಹಸಿ, ತಡ ಮಾಡಿದರೆ ಸುಟ್ಟ ವಾಸನೆ. ಅದನ್ನು ಪಳಗಿಸಿಕೊಂಡಿದ್ದವಳು ಪ್ರೆಸ್ಸಿನಕ್ಕ ಒಬ್ಬಳೇ.

ಅವಳ ಎದುರಿಗೆ ನಿಲ್ಲುವವನು ಕಾಲರ್ ಮಾವ. ಹೋಟೆಲಿನವರ ಅಂಗಿಗಳ ಕಾಲರು, ಕೈಪಟ್ಟಿಗಳನ್ನು ಕೈಯಿಂದ ಇಸ್ತ್ರಿ ಮಾಡುವುದು ಅವನ ಕೆಲಸ. ತನ್ನ ಸ್ವಂತ ಕಾಲರನ್ನೂ ಸ್ವಲ್ಪ ಎತ್ತಿಯೇ ಇಟ್ಟುಕೊಳ್ಳುವ ಆಸಾಮಿ. ಕೆಟ್ಟವನಲ್ಲ. ಆದರೆ ಯಾರಾದರೂ ನಾಲ್ಕು ಜನರ ಎದುರು ಹೊಗಳಿದರೆ ಮಾವನಿಗೆ ನೆಲ ಕಾಣಿಸುತ್ತಿರಲಿಲ್ಲ.

ಕಿಟಕಿಯ ಮೇಲಿನ ಹಲಗೆಯಲ್ಲಿ ಒಂದು ಹಳೆಯ ಸ್ಪೀಕರ್ ಇತ್ತು. ಪೆನ್‌ಡ್ರೈವ್ ಕೊಟ್ಟರೆ ಹಾಡುತ್ತದೆ, ಫೋನಿನ ಜೊತೆ ಅದಕ್ಕೆ ಮಾತಿಲ್ಲ ಕತೆಯಿಲ್ಲ. ದಿನಕ್ಕೊಬ್ಬರ ಹಾಡಿನ ಪಾಳಿ. ಎಲ್ಲರೂ ತರುತ್ತಿದ್ದುದು ಅವೇ ಸಿನಿಮಾ ಹಾಡುಗಳು. ಮಾವನಿಗೆ ಹಾಡಿನ ಗಂಧಗಾಳಿ ಇರಲಿಲ್ಲವಾದ್ದರಿಂದ ತನ್ನ ಪಾಳಿಯನ್ನು ಬೇರೆಯವರಿಗೆ ಬಿಟ್ಟುಕೊಡುತ್ತಿದ್ದ. ಮನೆಯಲ್ಲಿ ಒಮ್ಮೆ ಮಾತಿಗೆ ಮಾತು ಬಂದು ಇದನ್ನು ಹೇಳಿದಾಗ ಮಗಳು ನಕ್ಕಳು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಸಂಜೆ ಬಂದರೆ ರೂಮಿನ ಬಾಗಿಲು ಹಾಕಿಕೊಂಡು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಕೂರುವವಳು. ಒಳಗೆ ಏನು ಮಾಡುತ್ತಾಳೆ ಅಂತ ಮಾವ ಕೇಳಿದವನಲ್ಲ. ಮರುದಿನ ಅವಳು ಒಂದು ಪೆನ್‌ಡ್ರೈವ್ ತಂದು ಅವನ ಅಂಗಿ ಜೇಬಿಗೆ ಹಾಕಿದಳು.

"ನಂಗೆ ತುಂಬಾ ಇಷ್ಟವಾದವು ಅಪ್ಪ. ಯಾರಿಗೂ ಕೊಟ್ಟಿಲ್ಲ. ಇವನ್ನ ಇಂಡೀ ಹಾಡು ಅಂತಾರೆ. ದೊಡ್ಡ ಕಂಪನಿಯವರದ್ದಲ್ಲ, ಮನೇಲೋ ಗ್ಯಾರೇಜಲ್ಲೋ ತಮ್ಮ ಪಾಡಿಗೆ ತಾವು ಮಾಡ್ಕೊಂಡಿರೋದು."

ಲಾಂಡ್ರಿಗೆ ಬರುವಷ್ಟರಲ್ಲಿ ಅದು 'ಹಿಂಡೋ ಹಾಡು' ಆಗಿತ್ತು. ಬೆಳಗಿನಿಂದ ಸಂಜೆವರೆಗೆ ಚಾದರ ಹಿಂಡುವ ಜನಕ್ಕೆ ಆ ಹೆಸರಿನಲ್ಲಿ ತಪ್ಪೇನೂ ಕಾಣಲಿಲ್ಲ.

ಎಂತೆಂಥ ಹಾಡುಗಳು! ಒಂದರಲ್ಲಿ ಇಬ್ಬರು ಅಕ್ಕತಂಗಿಯರು, ಒಂದು ಡೋಲು, ಒಂದು ಹಾರ್ಮೋನಿಯಂ, ಯಾರಿಗೂ ತಿಳಿಯದ ಭಾಷೆ. ಇನ್ನೊಂದರಲ್ಲಿ ಒಬ್ಬ ಮುದುಕ ಹಾಡುವುದೇ ಇಲ್ಲ, ಗಿಟಾರಿನ ಮೇಲೆ ಗೊಣಗುತ್ತಾನೆ. ಒಂದಕ್ಕೆ ತಾಳ ಹಾಕುವುದು ಟೈಪ್‌ರೈಟರು. ಒಂದು ಅಬ್ಬರದ್ದು, ಅದರ ಬೆನ್ನಿಗೇ ಜೋಗುಳದಂಥದ್ದು. ಮೊದಲ ದಿನ ಎಲ್ಲರೂ ಮುಖ ಮುಖ ನೋಡಿಕೊಂಡರು. ಮುಂದಿನ ವಾರ ಪ್ರೆಸ್ಸಿನಕ್ಕ "ಆ ಅಕ್ಕತಂಗೀರದ್ದು ಹಾಕಿ ಮಾವ" ಅಂದಳು. ಆಮೇಲೆ ಮಡಿಕೆ ಮೇಜಿನ ಅವಳಿಗಳು ಟೈಪ್‌ರೈಟರ್ ಹಾಡಿಗೆ ಸರಿಯಾಗಿ ಟವೆಲ್ ಮಡಚತೊಡಗಿದರು. ಇವರು ನಿಜವಾದ ಅವಳಿಗಳಲ್ಲ, ನೆರೆಮನೆಯವರು. ಒಬ್ಬಳು ಸೀನಿದರೆ ಇನ್ನೊಬ್ಬಳು ಮೂಗು ಒರೆಸಿಕೊಳ್ಳುವಷ್ಟು ಜೊತೆ ಅಂತ ಆ ಹೆಸರು.

"ಮಾವ, ಇಷ್ಟು ದಿನ ಇದನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ರಿ? ನಿಮ್ಮ ಟೇಸ್ಟೇ ಬೇರೆ ಬಿಡಿ!" ಅಂದಳು ಅವಳಿಗಳಲ್ಲೊಬ್ಬಳು.

ಮಾವ ಮೀಸೆಯಡಿ ನಕ್ಕು, "ಹುಡುಕೋ ಕಣ್ಣಿರಬೇಕಮ್ಮ" ಅಂದ. ಮಗಳು ಕೊಟ್ಟಿದ್ದು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹಾಗೇ ನುಂಗಿಕೊಂಡ.

ಮಗಳಿಗೆ ಅವನು ಫೋನಿನಲ್ಲಿ ಬರೆಯುತ್ತಿರಲಿಲ್ಲ. ಕೈಯಲ್ಲಿ ಇಸ್ತ್ರಿ ಇರುವಾಗ ಅಕ್ಷರ ಒತ್ತುವುದು ಯಾರಿಗೆ ಬೇಕು. ಮಾತನ್ನೇ ರೆಕಾರ್ಡ್ ಮಾಡಿ ಕಳಿಸುತ್ತಿದ್ದ. ಮೊದಮೊದಲು ಅವಳೂ ಮಾತಿನಲ್ಲೇ ಉತ್ತರಿಸುತ್ತಿದ್ದಳು. ಈಚೆಗೆ ಏನಿದ್ದರೂ 'ಸರಿ', 'ಹೂಂ' ಅಂತ ಬರೆದು ಮುಗಿಸುತ್ತಿದ್ದಳು.

ಆ ಶುಕ್ರವಾರ ಮಾವನ ಪಾಳಿ. ಮಗಳು ಪೆನ್‌ಡ್ರೈವಿಗೆ ಹೊಸ ಹಾಡುಗಳನ್ನು ಸೇರಿಸಿ ಕೊಟ್ಟಿದ್ದಳು. ಕೊಡುವಾಗ ಬಾಗಿಲವರೆಗೂ ಬಂದು, "ಎಲ್ಲಾನೂ ಹಾಕು ಅಪ್ಪ. ನಿಮ್ಮೋರು ಏನಂತಾರೆ ಅಂತ ನಂಗೆ ಹೇಳ್ಬೇಕು" ಅಂದಿದ್ದಳು. ಅವಳು ಅಷ್ಟು ಆಸೆಯಿಂದ ಏನನ್ನೂ ಕೇಳಿ ಬಹಳ ಕಾಲವಾಗಿತ್ತು. ನಾನು ಹೇಳುವುದೇಕೆ, ಅವಳೇ ಕೇಳಿಸಿಕೊಳ್ಳಲಿ ಅಂತ ಮಾವನಿಗೆ ಅನಿಸಿತು. ಫೋನಿನ ರೆಕಾರ್ಡ್ ಗುಂಡಿ ಒತ್ತಿ, ಬೆರಳು ತೆಗೆದರೂ ನಿಲ್ಲದ ಹಾಗೆ ಮೇಲಕ್ಕೆ ಜಾರಿಸಿ, "ಪುಟ್ಟೀ, ಕೇಳು, ಇಲ್ಲಿಯವರು ಹೆಂಗೆ ತಲೆದೂಗ್ತಾರೆ ಅಂತ" ಎಂದು ಪಿಸುಗುಟ್ಟಿ, ಅದನ್ನು ಅಂಗಿಗಳ ಕಟ್ಟಿನ ಮೇಲೆ ಇಟ್ಟ.

ಮೊದಲ ಹೊಸ ಹಾಡಿಗೆ ಅವಳಿಗಳು ಕುಣಿಯುವುದೊಂದು ಬಾಕಿ. "ಮಾವ ಅಂದ್ರೆ ಮಾವ" ಅಂದಳು ಒಬ್ಬಳು. "ಕಲಿಸಿ ಬರೋದಲ್ಲಮ್ಮ ಇದು" ಅಂದ ಮಾವ, ಫೋನು ಕೇಳುತ್ತಿದೆ ಅನ್ನುವುದನ್ನು ಅಷ್ಟರಲ್ಲೇ ಮರೆತು.

ಆಮೇಲೆ ಆ ಹಾಡು ಬಂತು. ನಮ್ಮದೇ ಭಾಷೆ. ಒಂದು ಹೆಣ್ಣು ದನಿ, ತೀರ ಮೆಲ್ಲಗೆ, ಹೆದರಿಕೊಂಡು ಹಾಡಿದಂತೆ. "ಹೇಳೋದಿತ್ತು, ಹೇಳೋದಿತ್ತು, ಬೆಳಿಗ್ಗೆಯಿಂದ ಹೇಳೋದಿತ್ತು..." ಮೇಲಿನ ಸ್ವರಕ್ಕೆ ಹೋದಾಗ ದನಿ ಒಡೆಯಿತು. ಹಿಂದಿನಿಂದ ಏನೋ ಟುಸ್ ಅಂದಿತು, ಆಮೇಲೆ ಚಿಕ್ಕದಾಗಿ ಇನ್ನೊಮ್ಮೆ. ಪ್ರೆಸ್ಸಿನಕ್ಕ ಅಭ್ಯಾಸದಂತೆ ಮುಚ್ಚಳ ಎತ್ತಿದಳು. ಒಳಗಿದ್ದ ಮೇಜಿನ ಹಾಸು ನೀರು ಜಿನುಗುತ್ತಾ, ಸುಕ್ಕುಸುಕ್ಕಾಗಿ, ಬೆಂದೂ ಬೇಯದ ಹಾಗೆ ಬಿದ್ದುಕೊಂಡಿತ್ತು.

"ಅಯ್ಯೋ, ಈ ಅಜ್ಜಿಗೇನಾಯ್ತು!" ಅಂದಳು ಅವಳು. ಅವಳ ಕೈ ತಪ್ಪಿದ್ದನ್ನು ಯಾರೂ ನೋಡಿದ್ದೇ ಇಲ್ಲ. ಎಲ್ಲರೂ ಘೊಳ್ಳೆಂದು ನಕ್ಕರು. ಹಾಡು ಮಾತ್ರ ಹೇಳೋದಿತ್ತು ಅನ್ನುತ್ತಲೇ ಇತ್ತು.

"ಹೇಳೋದಿದ್ರೆ ಹೇಳಿ ಮುಗಿಸ್ಬಾರ್ದಾ ತಾಯಿ!" ಅಂದಳು ಅವಳಿಗಳಲ್ಲೊಬ್ಬಳು. ಇನ್ನೊಬ್ಬಳು, "ಮಾವ, ಇದೂ ನಿಮ್ಮ ಟೇಸ್ಟಾ?" ಅಂದಳು.

ನಗು ತನ್ನ ಕಡೆಗೆ ತಿರುಗುತ್ತಿದೆ ಅನ್ನುವುದು ಮಾವನಿಗೆ ಹೊಳೆದದ್ದೇ ತಡ, ಎಲ್ಲರಿಗಿಂತ ಜೋರಾಗಿ ತಾನೇ ನಕ್ಕ. "ಛೇ ಛೇ, ಇದು ನಂದಲ್ಲಪ್ಪ. ಹೆಂಗೋ ಸೇರ್ಕೊಂಡ್ಬಿಟ್ಟಿದೆ. ಯಾವಳೋ ಬಚ್ಚಲಲ್ಲಿ ನಿಂತು ಅಳ್ತಿದಾಳೆ, ಪಕ್ಕದಲ್ಲಿ ಯಾರೋ ಸೀನ್ತಿದಾರೆ. ಇಂಥವ್ರಿಗೆಲ್ಲ ಹಾಡು ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗಲ್ವಾ?" ಅಂತ ಸ್ಪೀಕರಿನ ಗುಂಡಿ ಒತ್ತಿ ಮುಂದಿನ ಹಾಡಿಗೆ ಹಾರಿಸಿದ. ಅಕ್ಕತಂಗಿಯರ ಡೋಲು ಶುರುವಾಯಿತು. ಮಾವ ಫೋನು ಎತ್ತಿಕೊಂಡು, ಡೋಲಿನ ಮೇಲೆ ಮುಗಿದದ್ದು ಒಳ್ಳೆಯದಾಯ್ತು ಅಂದುಕೊಂಡು, ತಾನು ಏನೇನು ಅಂದಿದ್ದೆ ಅನ್ನುವುದು ನೆನಪಿಗೇ ಬಾರದೆ, ಮಗಳಿಗೆ ಕಳಿಸಿಬಿಟ್ಟ.

ಚಹಾ ಹೊತ್ತಿಗೆ ಪ್ರೆಸ್ಸಿನಕ್ಕ ಲೋಟ ಹಿಡಿದು ಬಂದು ಪಕ್ಕದಲ್ಲಿ ನಿಂತಳು. ಅವಳಿಗೆ ಆ ಹಸಿ ಹಾಸು ಇನ್ನೂ ಮನಸ್ಸಿನಲ್ಲೇ ಇತ್ತು.

"ಮಾವ, ನಾನು ಯೋಚನೆ ಮಾಡ್ದೆ. ಆಗ ಅಜ್ಜಿ ಕೆಮ್ಮಲಿಲ್ಲ. ಹಬೆ ಬಿಟ್ಟೇ ಇರ್ಲಿಲ್ಲ ಅವ್ಳು. ಕೆಮ್ಮಿದ್ದು ಹಾಡು."

"ಏನ್ ಹಂಗಂದ್ರೆ?"

"ಬೇರೆ ಯಾವ ಪ್ರೆಸ್ಸಿನ ಸದ್ದಾಗಿದ್ರೂ ನನ್ ಕೈ ಏಳ್ತಿರ್ಲಿಲ್ಲ. ಅದು ನಮ್ಮ ಕೆಮ್ಮಜ್ಜೀನೇ. ಆ ಹಾಡಿನೊಳಗೆ ಅವ್ಳು ಹೆಂಗೆ ಹೋದ್ಳು?"

ಮಾವನ ಚಹಾ ಬಾಯಿಯಲ್ಲೇ ಉಳಿಯಿತು. ಕೆಮ್ಮಜ್ಜಿ ಈ ಗೋಡೆ ದಾಟಿ ಹೊರಗೆ ಹೋಗಿದ್ದರೆ ಅದು ಒಂದೇ ದಾರಿಯಲ್ಲಿ: ಅವನು ಮಗಳಿಗೆ ಕಳಿಸುವ ಮಾತುಗಳ ಹಿಂದೆ. ದಿನವೂ ಅವನ ಬೆನ್ನ ಹಿಂದೆ ನಿಂತು ಕೆಮ್ಮಿದ್ದನ್ನೆಲ್ಲ ಯಾರೋ ಕೂಡಿಟ್ಟುಕೊಂಡಿದ್ದಾರೆ. ಹಾಗಾದರೆ ಆ ಒಡೆದ ದನಿ?

ಜೇಬಿನಿಂದ ಫೋನು ತೆಗೆದ. ಕಳಿಸಿದ್ದರ ಪಕ್ಕದ ಎರಡು ಗೆರೆಗಳೂ ನೀಲಿಯಾಗಿದ್ದವು. ಅವಳು ಕೇಳಿಯಾಗಿತ್ತು. ಆ ಕ್ಷಣದಲ್ಲಿ ಮಾವನಿಗೆ ಕೆಮ್ಮಜ್ಜಿಯ ಮುಚ್ಚಳದೊಳಗೆ ತಲೆಯಿಟ್ಟು ಮಲಗಿಬಿಡೋಣ ಅನಿಸಿತು.

ಸಂಜೆ ಮನೆಗೆ ಹೋದಾಗ ಹೆಂಡತಿ ಬಾಗಿಲಲ್ಲೇ, "ಬಂದಾಗಿಂದ ಒಂದ್ ಮಾತಾಡಿಲ್ಲ ಅವ್ಳು. ಏನ್ ಮಾಡಿದ್ರಿ?" ಅಂತ ಕೇಳಿದಳು. ಮಾಡಿದವರು ಯಾರು ಅನ್ನುವುದರಲ್ಲಿ ಅವಳಿಗೆ ಅನುಮಾನವೇ ಇದ್ದಂತಿರಲಿಲ್ಲ. ಮಗಳು ಮೇಜಿನ ಮುಂದೆ ಕೂತು ಕನ್ನಡಕದ ಚಿಕ್ಕ ಸ್ಕ್ರೂಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ಮಾವ ಚಪ್ಪಲಿ ಬಿಚ್ಚುವುದನ್ನೂ ಮರೆತು ಎದುರು ನಿಂತ.

"ಪುಟ್ಟೀ, ಅದು ನಿಂದು ಅಂತ ನಂಗೆ ಗೊತ್ತಿರ್ಲಿಲ್ಲ."

"ಗೊತ್ತಿದ್ದಿದ್ರೆ ಚೆನ್ನಾಗಿದೆ ಅಂತಿದ್ದೆ. ಅದಕ್ಕೇ ಹೇಳ್ಲಿಲ್ಲ."

"ಸುಮ್ನೆ ನಗೆಚಾಟಿಕೆಗೆ..."

ಅವಳು ತಲೆಯೆತ್ತಿದಳು. ಅತ್ತ ಕಣ್ಣಲ್ಲ, ಆದರೆ ಸುಸ್ತಾದ ಕಣ್ಣು. "ಪೂರ್ತಿ ಕೇಳ್ದೆ ಅಪ್ಪ ನಾನು, ನೀನ್ ಕಳ್ಸಿದ್ದನ್ನ. ನಾನ್ ಆರಿಸಿದ್ದನ್ನೆಲ್ಲ ನಿನ್ ಟೇಸ್ಟು ಅಂದ್ರು. ನೀನು ಹೌದು ಅಂದೆ. ನಾನ್ ಮಾಡಿದ್ದು ಒಂದು ಬಂತು, ನಂದಲ್ಲ ಅಂದೆ. ಹೊಗಳಿದ್ದೆಲ್ಲ ನಿಂದು, ನಕ್ಕಿದ್ದು ಮಾತ್ರ ನಂದಾ?"

ಮಾವ ಬಗ್ಗಿ ಚಪ್ಪಲಿ ಬಿಚ್ಚಿದ.

"ನೀನಾದ್ರೂ ಪೂರ್ತಿ ಕೇಳಿದ್ಯಾ ಅದನ್ನ?"

"ಇಲ್ಲ."

"ಹೂಂ," ಅಂದಳು ಮಗಳು. ಡಬ್ಬಿಯ ಮುಚ್ಚಳ ಹಾಕಿ ರೂಮಿಗೆ ಹೋದಳು. ಬಾಗಿಲನ್ನು ಧಡಾರೆಂದು ಹಾಕಿದ್ದರೂ ಅವನಿಗೆ ಸಮಾಧಾನವಾಗುತ್ತಿತ್ತು; ಅವಳು ಮೆಲ್ಲಗೆ ಹಾಕಿಕೊಂಡಳು.

ಮರುದಿನ ಮಾವ ಲಾಂಡ್ರಿಗೆ ಕಾಲರ್ ಇಳಿಸಿಕೊಂಡೇ ಬಂದ. ಪಾಳಿ ಪ್ರೆಸ್ಸಿನಕ್ಕನದು. "ಒಂದ್ ಹಾಡು ಹಾಕ್ಬೇಕಮ್ಮ, ಒಂದೇ ಒಂದು," ಅಂತ ಅವಳನ್ನು ಕೇಳಿಕೊಂಡ. ಪೆನ್‌ಡ್ರೈವ್ ಸಿಕ್ಕಿಸಿ, ಎಲ್ಲರ ಕಡೆ ತಿರುಗಿದ. ಬೆಳಗಿನಿಂದ ಮನಸ್ಸಿನಲ್ಲೇ ಚಂದವಾಗಿ ಮಡಚಿಟ್ಟುಕೊಂಡಿದ್ದ ಮಾತುಗಳೆಲ್ಲ ಸುಕ್ಕಾದವು.

"ನಾನ್ ಇಷ್ಟು ದಿನ ಹಾಕಿದ್ ಹಾಡೆಲ್ಲ ನನ್ ಮಗಳು ಆರಿಸಿ ಕೊಟ್ಟಿದ್ದು. ನಂಗೆ ಒಂದೂ ಗೊತ್ತಿರ್ಲಿಲ್ಲ. ನಿನ್ನೆ ನಕ್ವಲ್ಲ, ಅದನ್ನ ಹಾಡಿದ್ದೂ ಅವ್ಳೇ. ಅದನ್ನ ಬೈದಿದ್ದು ನಾನು. ನೀವ್ಯಾರೂ ಅಷ್ಟು ಬೈದಿರ್ಲಿಲ್ಲ."

ಅವಳಿಗಳು ಒಬ್ಬರ ಮುಖ ಒಬ್ಬರು ನೋಡದೆ ಟವೆಲ್ ನೋಡಿದರು. ಪ್ರೆಸ್ಸಿನಕ್ಕ ಕೆಮ್ಮಜ್ಜಿಯ ಮುಚ್ಚಳ ಎತ್ತಿಟ್ಟು, ಹಬೆ ನಿಲ್ಲಿಸಿದಳು.

ಹಾಡು ಶುರುವಾಯಿತು. ಹೇಳೋದಿತ್ತು, ಹೇಳೋದಿತ್ತು. ದನಿ ಒಡೆಯುವ ಕಡೆ ಒಡೆಯಿತು. ಈ ಸಲ ಯಾರೂ ನಗಲಿಲ್ಲ. ಹಾಡಿನೊಳಗಿನ ಕೆಮ್ಮಜ್ಜಿ ಕೆಮ್ಮಿದಳು, ತಾಳ ತಪ್ಪದೆ. ಮಾವ ನಿನ್ನೆ ಹಾರಿಸಿದ್ದ ಜಾಗವನ್ನೂ ದಾಟಿ ಹಾಡು ಮುಂದೆ ಹೋಯಿತು. ಅಲ್ಲಿ ಹುಡುಗಿಯ ದನಿ ನಿಂತು ಒಂದು ಗಂಡಸಿನ ದನಿ ಬಂತು. ಗಡಸು, ಅವಸರದ್ದು, ಇಸ್ತ್ರಿಯ ಸದ್ದಿನ ನಡುವಿನಿಂದ.

"ಪುಟ್ಟೀ, ಇಲ್ಲಿ ಬರೀ ಸದ್ದು. ನೀನ್ ಹೇಳಿದ್ದು ಏನೂ ಕೇಳಿಸ್ಲಿಲ್ಲ. ಮನೆಗೆ ಬಂದ್ಮೇಲೆ ಹೇಳು."

ಟುಸ್... ಟುಸ್.

ಮತ್ತೆ ಹುಡುಗಿ: ಹೇಳೋದಿತ್ತು. ಮತ್ತೆ ಅದೇ ಗಂಡಸು, ಇನ್ನೊಂದು ದಿನದ ದನಿ, ಸ್ವಲ್ಪ ನೆಗಡಿಯಾಗಿತ್ತು: "ಕೇಳಿಸ್ಲಿಲ್ಲ ಪುಟ್ಟೀ, ಮನೆಗೆ ಬಂದ್ಮೇಲೆ ಹೇಳು." ಮತ್ತೆ ಟುಸ್. ಮತ್ತೆ ಇನ್ನೊಂದು ದಿನ. ಕೊನೆಕೊನೆಗೆ ಹುಡುಗಿ ಹಾಡುವುದನ್ನೇ ಬಿಟ್ಟಳು. ಗಂಡಸು ಮತ್ತು ಪ್ರೆಸ್ಸು ಇಬ್ಬರೇ ಉಳಿದರು, ಅವರೂ ಸಣ್ಣಗಾಗಿ ನಿಂತುಹೋದರು.

ಇಡೀ ಲಾಂಡ್ರಿಯಲ್ಲಿ ಒಗೆಯುವ ಯಂತ್ರ ಒಂದೇ ತಿರುಗುತ್ತಿತ್ತು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ತನ್ನ ದನಿ ಇಷ್ಟು ಒರಟು ಅಂತ ಮಾವನಿಗೆ ಗೊತ್ತೇ ಇರಲಿಲ್ಲ. ಮುಖ ಎಲ್ಲಿ ಬಚ್ಚಿಟ್ಟುಕೊಳ್ಳಲಿ ಅನ್ನುವಷ್ಟು ನಾಚಿಕೆಯಾಗಿತ್ತು.

"ಮನೆಗೆ ಹೋದ್ಮೇಲೆ ಏನ್ ಹೇಳ್ತಿದ್ಳು ಮಾವ?" ಅಂದಳು ಪ್ರೆಸ್ಸಿನಕ್ಕ. ಚುಚ್ಚಲು ಕೇಳಿದ್ದಲ್ಲ; ತಿಳಿದುಕೊಳ್ಳಲು ಕೇಳಿದ್ದು.

ಮಾವ ನೆನಪು ಮಾಡಿಕೊಂಡು ನೋಡಿದ. ಮನೆಗೆ ಹೋಗುವುದು, ಕಾಲು ತೊಳೆಯುವುದು, ಊಟ, ಟಿವಿ, ಸೊಂಟನೋವು, ನಿದ್ದೆ. ಅವಳು ಹೇಳಿದ್ದು ಅದರಲ್ಲೆಲ್ಲೂ ಸಿಗಲಿಲ್ಲ. ಅವನು ಕೇಳಿದ್ದೂ ಸಿಗಲಿಲ್ಲ.

ಇಸ್ತ್ರಿಯನ್ನು ನಿಲ್ಲಿಸಿ ಇಟ್ಟು, ಹಿಂದಿನ ಬಾಗಿಲಿನಿಂದ ಚಾದರ ಒಣಗಿಸುವ ಅಂಗಳಕ್ಕೆ ಹೋದ. ಬಾಗಿಲನ್ನು ತಳ್ಳಿ ಪೂರ್ತಿ ಮುಚ್ಚಿದ. ಅಲ್ಲಿ ಸದ್ದೇ ಇರಲಿಲ್ಲ. ಇಷ್ಟು ವರ್ಷದಿಂದ ಆ ಅಂಗಳ ಅಲ್ಲೇ ಇತ್ತು, ಹತ್ತು ಹೆಜ್ಜೆ ದೂರದಲ್ಲಿ. ರೆಕಾರ್ಡ್ ಗುಂಡಿಗೆ ಹೋದ ಹೆಬ್ಬೆರಳನ್ನು ಹಿಂದಕ್ಕೆ ಎಳೆದುಕೊಂಡು, ಫೋನೇ ಮಾಡಿದ. ಅದು ಬಹಳ ಹೊತ್ತು ಬಡಿದುಕೊಂಡ ಮೇಲೆ ಕೊನೆಗೆ ಅವಳು ಎತ್ತಿದಳು. ಹಿಂದೆ ಅಂಗಡಿಯವರ ಮಾತು ಕೇಳುತ್ತಿತ್ತು.

"ಪುಟ್ಟೀ, ಪೂರ್ತಿ ಕೇಳ್ದೆ," ಅಂದ. "ಇಲ್ಲಿ ಈಗ ಸದ್ದಿಲ್ಲ. ಹೇಳು. ಅವತ್ತು ಏನ್ ಹೇಳೋದಿತ್ತು ನಿಂಗೆ?"

ಆ ಕಡೆ ಅವಳು ಎದ್ದು ಎಲ್ಲಿಗೋ ನಡೆದದ್ದು, ಒಂದು ಬಾಗಿಲು ಮುಚ್ಚಿದ್ದು ಕೇಳಿಸಿತು. ಅಂಗಡಿಯ ಮಾತು ನಿಂತಿತು. ಅವಳು ಒಂದೊಂದೇ ದಿನವನ್ನು ನೆನಪು ಮಾಡಿಕೊಳ್ಳುತ್ತಿದ್ದಂತಿತ್ತು.

"ಯಾವತ್ತು ಅಪ್ಪ?" ಅಂದಳು.