ನಾಲ್ಕನೇ ವರ್ಷದ ಪರೀಕ್ಷೆ

ಬೇಸಿಗೆಯ ಪ್ರವಾಸಿಗರ ಜೊತೆ ನಾಲ್ಕು ಮಾತಾಡಲಿ ಎಂದು ನಮ್ಮ ದ್ವೀಪದಲ್ಲಿ ಚಳಿಗಾಲಕ್ಕೆ ದೊಡ್ಡವರಿಗೆ ಇಂಗ್ಲಿಷ್ ಕಲಿಸುತ್ತಾರೆ. ಮಂಗಳವಾರ, ಗುರುವಾರ, ಸಂಜೆ ಐದಕ್ಕೆ. ಇರುವುದು ಒಂದೇ ತರಗತಿ, ಪಾಸಾದವರಿಗೆ ಮತ್ತೆ ಜಾಗವಿಲ್ಲ. ನಾನು ಮೂರು ವರ್ಷ ಫೇಲಾಗಿದ್ದೆ. ಬೇಕೆಂದೇ.

ಕಲ್ಲು ಕೆತ್ತಿ ಬದುಕಿದವನ ತಲೆಯೂ ಕಲ್ಲೇ ಎಂದು ಊರು ನಂಬಿತ್ತು. ನಂಬಲಿ, ನನಗೇನು! ಊರಿನ ಬಾಯಲ್ಲಿ ನಾನು ಬರೀ 'ಬಾರ್ಬಾ', ಅಂದರೆ ದೊಡ್ಡಪ್ಪ. ಹೆಂಡತಿ ಮಾರಿಯೆಟಾ ಸತ್ತ ಮೇಲೆ ನನ್ನ ಹೆಸರು ಹಿಡಿದು ಕರೆಯುವ ಜಾಗ ಅದೊಂದೇ ಉಳಿದಿತ್ತು. ಹಾಜರಿ ಕರೆಯುವಾಗ ಮೇಡಂ ನೆವೆಂಕಾ "ಬಾರ್ತುಲ್" ಎನ್ನುತ್ತಿದ್ದರು. ನಾನು "ಇದ್ದೀನಿ" ಎನ್ನುತ್ತಿದ್ದೆ. ಅಷ್ಟಕ್ಕೇ ಶರ್ಟು ಇಸ್ತ್ರಿ ಮಾಡಿಕೊಂಡು ಹೋಗುತ್ತಿದ್ದೆ.

ನಾಲ್ಕನೇ ವರ್ಷ, ಮಾರ್ಚಿನಲ್ಲಿ, ಪರೀಕ್ಷೆಯ ದಿನ ಮೇಡಂ ಹೇಳಿದರು: "ಏನೋ ಒಂದು ಮಾಡ್ತೀರಲ್ಲ, ಅದಕ್ಕೆ ಕಾರಣ ಹೇಳಿ. 'ದಟ್ಸ್ ವೈ' ಬರ್ಲೇಬೇಕು."

ಪ್ರವಾಸಿಗರಿಗೆ ಕೋಣೆ ಕೊಡುವ ಲುತ್ಸೆ ಮೊದಲು ಎದ್ದಳು. "ನನ್ನ ಗಂಡ ಗೊರಕೆ ಹೊಡೀತಾನೆ. ದಟ್ಸ್ ವೈ ನಾನು ಅಡುಗೆಮನೇಲಿ ಮಲಗ್ತೀನಿ." ಎಲ್ಲರೂ ನಕ್ಕರು. ನನಗೆ ಹೊಟ್ಟೆಕಿಚ್ಚಾಯಿತು. ಗೊರಕೆಯೂ ಒಂದು ಭಾಗ್ಯವೇ.

ನಾನು ತಪ್ಪುಗಳನ್ನು ಬಾಯಿಪಾಠ ಮಾಡಿಕೊಂಡೇ ಬಂದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಲುತ್ಸೆ ಕೆಣಕಿದಳು.

"ಬಾರ್ಬಾ, ಇಷ್ಟೊತ್ತಿಗೆ ಕತ್ತೆಗೂ ಇಂಗ್ಲಿಷ್ ಬಂದಿರೋದು. ವರ್ಷಾ ವರ್ಷಾ ಯಾಕಪ್ಪಾ ಬರ್ತೀರ? ಅದನ್ನೇ ಹೇಳಿ, ಕೇಳೋಣ!"

ಸಿಟ್ಟು ನೆತ್ತಿಗೇರಿತು. ನಮ್ಮ ಭಾಷೆಯಲ್ಲಾಗಿದ್ದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ. ಪರಭಾಷೆಗೆ ನಾಚಿಕೆ ಇರಲಿಲ್ಲ, ಇಂಗ್ಲಿಷಿನಲ್ಲಿ ಎಲ್ಲವೂ ಸಲೀಸಾಗಿ ಹೊರಬಂತು.

"ನನ್ನ ಹೆಂಡತಿ ತೀರಿಕೊಂಡಳು. ಮನೇಲಿ ನನ್ನ ಹೆಸರು ಕರೆಯೋರು ಯಾರೂ ಇಲ್ಲ. ಇಲ್ಲಿ ಕರೀತಾರೆ. ದಟ್ಸ್ ವೈ ನಾನು ಪ್ರತಿ ವರ್ಷ ಫೇಲಾಗ್ತೀನಿ."

ಲುತ್ಸೆ ತಲೆ ತಗ್ಗಿಸಿದಳು. ಮೇಡಂ ನನ್ನ ಮಾತನ್ನು ಹಾಳೆಗೆ ಬರೆದುಕೊಂಡು, ಒಂದೊಂದೇ ಪದದ ಮೇಲೆ ಪೆನ್ನಿನ ತುದಿ ಓಡಿಸಿದರು.

"ಬಾರ್ಬಾ ಬಾರ್ತುಲ್, ಒಂದಾದ್ರೂ ತಪ್ಪು ಸಿಗುತ್ತೇನೋ ಅಂತ ಹುಡುಕ್ದೆ," ಎಂದರು. "ಸಿಗ್ಲಿಲ್ಲ."

ಪ್ರಮಾಣಪತ್ರಕ್ಕೆ ಸಹಿ ಬಿತ್ತು. ಚಪ್ಪಾಳೆಯೂ ಬಿತ್ತು. ಭಾನುವಾರ ಊಟಕ್ಕೆ ಕರೀತೀನಿ ಅಂದಳು ಲುತ್ಸೆ. ಅಂದಳು, ಅಷ್ಟೇ.

ಅಕ್ಟೋಬರಿನ ಮೊದಲ ಮಂಗಳವಾರ ಗಡ್ಡ ಬೋಳಿಸಿ ಶರ್ಟು ತೊಟ್ಟ ಮೇಲೆ ಪಾಸಾಗಿದ್ದು ನೆನಪಾಯಿತು. ಆದರೂ ಹೋದೆ. ಶಾಲೆಯ ಕಿಟಕಿಯ ಕೆಳಗೆ, ಗಾಳಿಗೆ ಬೆನ್ನು ಕೊಟ್ಟು ನಿಂತೆ. ಒಳಗೆ ಮೇಡಂ ಹಾಜರಿ ಕರೆಯುತ್ತಿದ್ದರು. ಆಂತೆಯ ಹೆಸರಾಯಿತು, ಆಮೇಲೆ ನೇರ ದಿಂಕೊನದು. ನಡುವೆ ನನ್ನ ಹೆಸರು ಬರಲಿಲ್ಲ.

"ಇದ್ದೀನಿ," ಎಂದೆ, ಮೆಲ್ಲಗೆ.