ಮೂವತ್ತೊಂದನೆಯ ಕಂತು

ವಿಜಾಪುರ ಕಡೆಯ ಇಂಡಿ ಊರಿನ ಪೇಟೆಯಲ್ಲಿ ಯಾಕೂಬಸಾಬನ ಬೈಂಡಿಂಗ್ ಅಂಗಡಿಗೆ ಬಂದ ಯಾವ ಪುಸ್ತಕವೂ ಅವನ ಮಗಳು ಅಬಿದಾ ಓದಿ ಮುಗಿಸುವ ತನಕ ಹೊರಗೆ ಹೋಗುತ್ತಿರಲಿಲ್ಲ. ಶಾಲೆಯ ಹಾಜರಿ ಪುಸ್ತಕ, ಸೊಸೈಟಿಯ ರಜಿಸ್ಟರು ಬಂದರೆ ಒಂದೇ ದಿನದಲ್ಲಿ ಹೊಲಿದು, ರಟ್ಟು ಹಾಕಿ, ಸಿದ್ಧ. ಕಾದಂಬರಿ ಬಂತೆಂದರೆ ಮಾತ್ರ ನಾಲ್ಕು ದಿನ. ಗಿರಾಕಿ ಬಂದು ಕೇಳಿದರೆ, “ಅಂಟು ಇನ್ನೂ ಹಸಿ ಐತ್ರಿ” ಎಂದು ತಲೆ ಎತ್ತದೆಯೇ ಹೇಳುತ್ತಿದ್ದಳು. ಕಡುಬೇಸಿಗೆಯಲ್ಲೂ ಈ ಅಂಗಡಿಯ ಅಂಟು ಯಾಕೆ ಒಣಗುವುದಿಲ್ಲ ಎಂದು ಕೇಳುವ ಧೈರ್ಯ ಇಂಡಿಯಲ್ಲಿ ಯಾರಿಗೂ ಇರಲಿಲ್ಲ.

ಅಬಿದಾಗೆ ಆಗ ಹದಿನೆಂಟು. ಎಸ್ಸೆಸ್ಸೆಲ್ಸಿ ಪಾಸಾಗಿ ಎರಡು ವರ್ಷವಾಗಿತ್ತು. ತನ್ನದು ಎನ್ನಲು ಒಂದು ಪುಸ್ತಕವೂ ಇರಲಿಲ್ಲ, ಅದರ ಕೊರಗೂ ಇರಲಿಲ್ಲ. ಊರಿನ ಪುಸ್ತಕ ಯಾವುದೇ ಇರಲಿ, ಹರಿದ ಮೇಲೆ ತನ್ನ ಮುಂದೆಯೇ ಬಂದು ಬೀಳಬೇಕಲ್ಲ ಎಂಬ ಠೇಂಕಾರ ಅವಳದು. ಅಂಗಡಿಯ ಒಳಗೆ, ಕಿಟಕಿಯ ಕೆಳಗಿನ ಆ ಮಣೆಯೇ ಅವಳ ಕಾಲೇಜು, ಅದೇ ವಾಚನಾಲಯ. ಆ ಮಣೆ ಕೊಟ್ಟರೆ ಅವಳಿಗೆ ಲೋಕದಲ್ಲಿ ಇನ್ನೇನೂ ಬೇಕಾಗಿರಲಿಲ್ಲ.

ಯಾಕೂಬಸಾಬನಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಪುಟದ ಅಂಕಿ ಮಾತ್ರ ಗೊತ್ತು. ಅಂಕಿಯ ಮೇಲೇ ಮೂವತ್ತು ವರ್ಷ ಬೈಂಡಿಂಗ್ ಮಾಡಿದ್ದ, ಒಂದು ಪುಟವೂ ಹಿಂದುಮುಂದಾಗಿರಲಿಲ್ಲ. ಓದುತ್ತ ಹೊಲಿಯುವ ಮಗಳ ಪದ್ಧತಿ ಅವನಿಗೆ ಸರಿಬರುತ್ತಿರಲಿಲ್ಲ. “ಗಿರಾಕಿ ಮಾಲು ನಮ್ಮ ಕೈಯಾಗ ಇರೋದು ಹೊಲ್ಯಾಕ, ಓದಾಕಲ್ಲ” ಎಂದು ವಾರಕ್ಕೊಮ್ಮೆ ಗೊಣಗುತ್ತಿದ್ದ. ಅವಳು ಹೂಂ ಎಂದು ಪುಟ ತಿರುವುತ್ತಿದ್ದಳು.

ಎಪ್ಪತ್ನಾಲ್ಕನೆಯ ಇಸವಿಯ ಡಿಸೆಂಬರ್ ಮೊದಲ ವಾರ ಸರಕಾರಿ ದವಾಖಾನೆಯ ನರ್ಸ್ ಎಸ್ತರಬಾಯಿ ಒಂದು ಕಟ್ಟು ಹಾಳೆ ತಂದು ಕಟ್ಟೆಯ ಮೇಲಿಟ್ಟರು. ಪ್ರತಿ ವರ್ಷ ಇದೇ ಹೊತ್ತಿಗೆ ತರುತ್ತಿದ್ದರು. ಎಸ್ತರಬಾಯಿ ಬೆಟಗೇರಿ ಕಡೆಯ ಕ್ರೈಸ್ತರು. ಅವರ ತಂಗಿ ಬಾಳಮ್ಮ ಮುದ್ದೇಬಿಹಾಳದಲ್ಲಿ ಶಾಲೆಯ ಶಿಕ್ಷಕಿ. ಅಕ್ಕ ಒಂದು ವಾರಪತ್ರಿಕೆ ತರಿಸುತ್ತಿದ್ದರು, ತಂಗಿ ಇನ್ನೊಂದು. ಇಬ್ಬರೂ ತಮ್ಮ ತಮ್ಮ ಪತ್ರಿಕೆಯಲ್ಲಿ ಬರುವ ಧಾರಾವಾಹಿಯನ್ನು ವಾರವಾರವೂ ಕತ್ತರಿಸಿ ಇಟ್ಟು, ವರ್ಷದ ಕೊನೆಗೆ ಬೈಂಡ್ ಮಾಡಿಸಿ, ಕ್ರಿಸ್‌ಮಸ್ಸಿಗೆ ಒಬ್ಬರಿಗೊಬ್ಬರು ಉಡುಗೊರೆ ಕೊಡುವುದು ಅವರ ಪದ್ಧತಿ. ಒಬ್ಬರು ತರಿಸುವ ಪತ್ರಿಕೆಯನ್ನು ಇನ್ನೊಬ್ಬರು ವರ್ಷವಿಡೀ ಮುಟ್ಟುವಂತಿಲ್ಲ. ಬಾಳಮ್ಮನಂತೂ ಶಾಲೆಯಲ್ಲಿ ಉಳಿದ ಶಿಕ್ಷಕಿಯರು ಅಕ್ಕನ ಪತ್ರಿಕೆಯ ಕಥೆಯ ಮಾತೆತ್ತಿದರೆ ಎದ್ದು ಹೊರಗೆ ಹೋಗುವ ಪೈಕಿ.

“ನಲವತ್ತು ಕಂತು ಅದಾವ, ಎಣಿಸಿ ತಂದೇನಿ” ಎಂದರು ಎಸ್ತರಬಾಯಿ. “ಇಪ್ಪತ್ನಾಲ್ಕಕ್ಕ ಮುಂಜಾನೆ ಬಸ್ಸು. ಅದಕ್ಕ ಮೊದಲ ಕೈಗೆ ಬರಬೇಕು ನೋಡ್ರಿ, ಯಾಕೂಬಸಾಬ.”

“ಬರ್ತೈತ್ರಿ ಬಾಯಾರ” ಎಂದ ಅವನು.

ಅಬಿದಾ ಕಟ್ಟು ಬಿಚ್ಚಿದವಳೇ ಓದಲು ಕೂತಳು. ಮಂದಾಕಿನಿ ಎಂಬ ಹುಡುಗಿಯ ಕಥೆ. ಹುಡುಗಿ ಓದಿದವಳು, ಶಾಲೆಯಲ್ಲಿ ನೌಕರಿಗೆ ಆರ್ಡರು ಬಂದಿದೆ, ಗಂಡನ ಅಣ್ಣ ಬಿಡುತ್ತಿಲ್ಲ. ಮೂವತ್ತು ಕಂತು ಹುಡುಗಿ ಗಟ್ಟಿಯಾಗಿಯೇ ನಿಂತಳು. ಮೂವತ್ತೊಂದರಲ್ಲಿ ಭಾವ ಒಂದು ರಾಜೀನಾಮೆ ಬರೆದು ತಂದು ಮುಂದಿಡುತ್ತಾನೆ. ಮಂದಾಕಿನಿ ಅತ್ತು, ಕಾಲಿಗೆ ಬಿದ್ದು, ಸಹಿ ಮಾಡಿಬಿಡುತ್ತಾಳೆ. ಅಬಿದಾಗೆ ತಡೆಯಲಾಗಲಿಲ್ಲ. ಎರಡನೆಯ ಸಲ ಓದಿದಳು, ಹುಡುಗಿ ಆಗಲೂ ಸಹಿ ಮಾಡಿದಳು. “ಥೂ ನಿನ್ನ!” ಎಂದು ಆ ಕಂತನ್ನು ಪಕ್ಕಕ್ಕೆ ಎಸೆದು, ಎದ್ದು ಹೋಗಿ ತಣ್ಣೀರು ಕುಡಿದು ಬಂದಳು. ಆಮೇಲೆ ಮೂವತ್ತೆರಡರಿಂದ ಮುಂದೆ ಓದಿದಳು. ಅಲ್ಲಿ ಮಂದಾಕಿನಿ ಅದೇ ಪಡಸಾಲೆಯಲ್ಲಿ ಕೂತು ಇನ್ನೂ ಅಳುತ್ತಿದ್ದಳು.

ಎಸೆದದ್ದು ಎಲ್ಲಿ ಬಿತ್ತು ಎಂದು ನೋಡಲಿಲ್ಲ. ಬೈಂಡಿಂಗ್ ಅಂಗಡಿಯಲ್ಲಿ ರದ್ದಿಯ ಬುಟ್ಟಿ ಸದಾ ಮಣೆಯ ಪಕ್ಕದಲ್ಲೇ ಇರುತ್ತದೆ. ರಟ್ಟಿನ ಒಳಮೈಗೆ ಅಂಟಿಸಲು ರದ್ದಿ ಹಾಳೆ ಬೇಕಲ್ಲ, ಅದಕ್ಕೆ. ಮರುದಿನ ಸಿಂದಗಿಯ ಒಂದು ಸೊಸೈಟಿಯ ದೊಡ್ಡ ರಜಿಸ್ಟರು ಅವಸರದ್ದಿತ್ತು. ಅಬಿದಾ ಬುಟ್ಟಿಗೆ ಕೈಹಾಕಿ ಸಿಕ್ಕ ಹಾಳೆಗಳನ್ನು, ಹುಳ ಹತ್ತದಂತೆ ಮೈಲುತುತ್ತ ಬೆರೆಸಿದ ಮೈದಾ ಅಂಟಿನಲ್ಲಿ ಅದ್ದಿ, ರಟ್ಟಿಗೆ ಒತ್ತಿ, ಮೇಲೆ ಬಟ್ಟೆ ಎಳೆದು ಕಳಿಸಿಕೊಟ್ಟಳು. ಅಂದು ಕೆಲಸ ಬಹಳ ಚೊಕ್ಕಟವಾಗಿತ್ತೆಂದು ಅಪ್ಪ ಹೊಗಳಿದ್ದ ಬೇರೆ.

ಡಿಸೆಂಬರ್ ಇಪ್ಪತ್ತಕ್ಕೆ ಹೊಲಿಯಲೆಂದು ಕಂತುಗಳನ್ನು ಜೋಡಿಸುವಾಗ ಮೂವತ್ತರ ಮುಂದೆ ಮೂವತ್ತೆರಡು ಬಂತು. ಬುಟ್ಟಿ ಬೋರಲು ಹಾಕಿ ಹುಡುಕಿದಳು. ಆಮೇಲೆ ಸಿಂದಗಿಯ ರಜಿಸ್ಟರು ನೆನಪಾಯಿತು. ಅಂಟಿದ ಹಾಳೆ ಮತ್ತೆ ಎದ್ದು ಬರುವುದಿಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಾಗೆ ಎದ್ದು ಬರಬಾರದೆಂದೇ ಅಂಟಿಸಿದ್ದಳಲ್ಲ.

ಇಂಡಿಯ ವಾಚನಾಲಯಕ್ಕೆ ಹೋದಳು. ಆ ವಾರದ ಸಂಚಿಕೆ ಇತ್ತು, ಧಾರಾವಾಹಿಯ ಹಾಳೆ ಇರಲಿಲ್ಲ. ಅಲ್ಲಿಯೂ ಯಾರೋ ಒಬ್ಬರು ಕತ್ತರಿಸುವವರಿದ್ದರು. ಅವ್ವ ಅಮೀನಾಬಿಯನ್ನು ಕರೆದುಕೊಂಡು ಹತ್ತಿರದ ಸಾಲೋಟಗಿಗೆ ಹೋಗಿ, ಅದೇ ಪತ್ರಿಕೆ ತರಿಸುವ ಮಾಸ್ತರರ ಮನೆಯಲ್ಲಿ ಕೇಳಿದಳು. ಅವರ ಮನೆಯಲ್ಲಿ ಮೂವತ್ತೊಂದನೆಯ ಕಂತು ಉಪ್ಪಿನಕಾಯಿ ಭರಣಿಯ ಕೆಳಗೆ ಎಣ್ಣೆ ಕುಡಿದು ಕೂತಿತ್ತು. ಒಂದು ಅಕ್ಷರವೂ ಕಾಣುತ್ತಿರಲಿಲ್ಲ.

ಆ ದಿನವೇ ಅಪ್ಪನಿಗೆ ಹೇಳಿದಳು. ಮುಚ್ಚಿಡುವ ಹುಡುಗಿಯಲ್ಲ. ಯಾಕೂಬಸಾಬ ಕೈಯಲ್ಲಿದ್ದ ದಬ್ಬಣ ಕೆಳಗಿಟ್ಟ. ಕೂಗಲಿಲ್ಲ, ಅದೇ ಅವಳಿಗೆ ಭಯ ಹುಟ್ಟಿಸಿತು.

“ಮೂವತ್ತು ವರ್ಷದಾಗ ಒಂದು ಪುಟ ಕಳದಿದ್ದಿಲ್ಲ” ಎಂದ. “ನಡಿ, ಬಾಯಾರಿಗೆ ಹೇಳಿ ಬರೂಣು.”

ಎಸ್ತರಬಾಯಿ ದವಾಖಾನೆಯ ವರಾಂಡದಲ್ಲಿದ್ದರು. ಸುದ್ದಿ ಕೇಳಿ ಬೆಂಚಿನ ಮೇಲೆ ಕುಸಿದು ಕೂತರು. “ವರ್ಷಪೂರ್ತಿ ಕಾದಾಳ್ರಿ ನನ್ನ ತಂಗಿ” ಎಂದು ಕಣ್ಣಲ್ಲಿ ನೀರು ತಂದುಕೊಂಡರು. “ನಡುವ ತೂತು ಬಿದ್ದಿದ್ದು ಹೆಂಗ ಕೊಡ್ಲಿ ಆಕಿಗೆ?”

“ತೂತು ಬೀಳಂಗಿಲ್ರಿ ಬಾಯಾರ” ಎಂದಳು ಅಬಿದಾ. “ಎರಡು ಸಲ ಓದೇನಿ, ಬಾಯಿಪಾಠ ಐತಿ. ಇದ್ದಂಗ ಬರದು ಹೊಲೀತೇನಿ.”

ಎಸ್ತರಬಾಯಿ ಅವಳ ಮುಖ ನೋಡಿದರು. ಬೇರೆ ದಾರಿಯೂ ಇರಲಿಲ್ಲ. “ಬರೀ ಹಂಗಾರ. ಒಪ್ಪೂದು ಬಿಡೂದು ಬಾಳಮ್ಮಗ ಬಿಟ್ಟಿದ್ದು.”

ದಾರಿಯಲ್ಲಿ ಯಾಕೂಬಸಾಬ ತನ್ನ ಮಾತು ಹೇಳಿದ. “ಆ ಬಾಯಾರು ಒಪ್ಪಿದ್ರ ಮಣಿ ಮ್ಯಾಲೆ ಕೂಡು. ಒಪ್ಪಲಿಲ್ಲ ಅಂದ್ರ ಅಂಗಡ್ಯಾಗ ನಿನ್ನ ಕೆಲಸಿಲ್ಲ. ನಿಮ್ಮವ್ವನ ಕೂಡ ರೊಟ್ಟಿ ಬಡಿ. ಅಲ್ಲಿತನಕಾನೂ ಮಣಿ ಮುಟ್ಟಬ್ಯಾಡ.”

“ಒಪ್ತಾರ” ಎಂದಳು ಅಬಿದಾ.

ಎರಡು ದಿನ ಕೂತು ಬರೆದಳು. ದುಂಡಗಿನ ಅಕ್ಷರ, ನೀಲಿ ಮಸಿ, ಪತ್ರಿಕೆಯ ಅಳತೆಗೆ ಕತ್ತರಿಸಿದ ಹಾಳೆ. ಅವಳ ನೆನಪು ಅಂಥದ್ದೇ ಇತ್ತು. ಭಾವ ಬಾಗಿಲಲ್ಲಿ ಕೆಮ್ಮಿದ್ದೂ ಬಿಡಲಿಲ್ಲ, ಮಂದಾಕಿನಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದೂ ಬಿಡಲಿಲ್ಲ. ಏಳು ಪುಟ ಇದ್ದದ್ದು ಇದ್ದಂತೆ ಬಂತು. ಎಂಟನೆಯ ಪುಟದಲ್ಲಿ ಸಹಿ ಬರಬೇಕು. ಅಬಿದಾ ಲೇಖನಿ ಎತ್ತಿದಳು. ಕೈ ಓಡಲಿಲ್ಲ. ಇಷ್ಟು ಬರೆದ ಮೇಲೆ ಈ ಹುಡುಗಿ ನನ್ನವಳೂ ಹೌದಲ್ಲ, ನನ್ನ ಕೈಯಿಂದ ಇವಳನ್ನು ಯಾರ ಕಾಲಿಗೂ ಬೀಳಿಸಲಾರೆ ಎನ್ನಿಸಿತು. ಅಬಿದಾ ಬರೆದ ಎಂಟನೆಯ ಪುಟದಲ್ಲಿ ಮಂದಾಕಿನಿ ಸಹಿ ಮಾಡದೆ, ಪೆನ್ನಿನ ಟೊಪ್ಪಿಗೆ ಮುಚ್ಚಿ ಭಾವನ ಕೈಗೆ ಕೊಟ್ಟಳು. ಟ್ರಂಕು ಎತ್ತಿಕೊಂಡು ನಡೆದು ಹೋಗಿ ಬಸ್ಸು ಹತ್ತಿದಳು. ಕಂಡಕ್ಟರು “ಎಲ್ಲಿಗೆ?” ಎಂದು ಕೇಳುವಲ್ಲಿಗೆ ಪುಟ ಮುಗಿಯಿತು.

ಬರೆದಾದ ಮೇಲೆ ಓದಿ ನೋಡಿದಳು. ಚೆನ್ನಾಗಿದೆ ಎನ್ನಿಸಿತು, ಅದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಮುಂದಿನ ಕಂತಿನಲ್ಲಿ ಮಂದಾಕಿನಿ ಮನೆಯಲ್ಲೇ ಕೂತು ಅಳುತ್ತಾಳೆ ಎಂಬುದೂ ಗೊತ್ತಿತ್ತು. ವಾರಕ್ಕೊಂದು ಕಂತು ಓದುವವರು ಹಿಂದಿನದು ಎಲ್ಲಿ ನೆನಪಿಟ್ಟುಕೊಳ್ಳುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೊಲಿದ ಪುಸ್ತಕದಲ್ಲಿ ಕಂತಿಗೂ ಕಂತಿಗೂ ನಡುವೆ ವಾರವಿರುವುದಿಲ್ಲ, ಬರೇ ದಾರವಿರುತ್ತದೆ ಎಂಬುದು ಬೈಂಡರನ ಮಗಳಿಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

ಕೊನೆಯ ಹೊಲಿಗೆ ಹಾಕಿದ್ದು ಯಾಕೂಬಸಾಬ. ಇಪ್ಪತ್ನಾಲ್ಕರ ಮುಂಜಾನೆ ಅಪ್ಪ ಮಗಳು ಇಬ್ಬರೂ ಬಸ್‌ಸ್ಟ್ಯಾಂಡಿಗೆ ಹೋಗಿ ಪುಸ್ತಕ ಕೊಟ್ಟರು. ಕೆಂಪು ಬಟ್ಟೆಯ ಬೆನ್ನು, ಮೇಲೆ ಹೂವಿನ ಕಾಗದ. ಎಸ್ತರಬಾಯಿಯ ಚೀಲದ ತುಂಬ ಕರ್ಚಿಕಾಯಿ, ಶಂಕರಪಾಳಿ. ಅವರು ಮೂವತ್ತೊಂದನೆಯ ಕಂತು ತೆರೆದು ಮೊದಲ ಪುಟ ಓದಿ, “ಅಕ್ಷರ ಮುತ್ತಿನಂಗ ಅದಾವ ಬಿಡವಾ” ಎಂದರು. ಅಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆದ. ವಿಜಾಪುರಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿ, ಬಸವನ ಬಾಗೇವಾಡಿ ದಾಟಿ ಮುದ್ದೇಬಿಹಾಳ ಮುಟ್ಟುವ ಹೊತ್ತಿಗೆ ಸಂಜೆಯಾಗುತ್ತಿತ್ತು. ಎಂಟನೆಯ ಪುಟದ ಮಾತು ಅಬಿದಾಳ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ.

ಹೊಸ ವರ್ಷಕ್ಕೆ ಎಸ್ತರಬಾಯಿ ತಿರುಗಿ ಬಂದರು. ಬಾಳಮ್ಮನ ತೀರ್ಪು ತಂದಿರಲಿಲ್ಲ. “ಬರೆದಿದ್ದನ್ನ ಮೊದಲ ಓದು ಅಂದೆ. ಕೇಳಲಿಲ್ಲ ಆಕಿ. ಒಂದರಿಂದ ಸುರು ಮಾಡ್ತೇನಿ, ಮೂವತ್ತೊಂದು ಬಂದಾಗ ಓದ್ತೇನಿ, ಓದಿ ಹುಡುಗಿಗೇ ಬರೀತೇನಿ ಅಂದ್ಲು” ಎಂದರು.

ಆ ದಿನಗಳು ಅಬಿದಾಗೆ ಸಾಗಲೇ ಇಲ್ಲ. ಅಡುಗೆಮನೆಯಲ್ಲಿ ಕೂತು ರೊಟ್ಟಿ ಬಡಿಯುತ್ತ, ಅಂಗಡಿಗೆ ಯಾರು ಬಂದರು, ಏನು ತಂದರು ಎಂದು ಕಿವಿ ಅತ್ತಲೇ ಇಟ್ಟಿರುತ್ತಿದ್ದಳು. ಯಂಕಂಚಿಯಿಂದ ಯಾರೋ ಎರಡು ದಪ್ಪ ಕಾದಂಬರಿ ತಂದರು. ಯಾಕೂಬಸಾಬ ಒಂದೇ ದಿನದಲ್ಲಿ ಹೊಲಿದು ಕೊಟ್ಟುಬಿಟ್ಟ. ಒಂದರ ಹೆಸರೂ ಅವಳಿಗೆ ಗೊತ್ತಾಗಲಿಲ್ಲ. ಅವತ್ತು ಮಾತ್ರ ಅತ್ತಳು, ಹಿತ್ತಲಿಗೆ ಹೋಗಿ. ಅಮೀನಾಬಿ ನೋಡಿಯೂ ನೋಡದಂತೆ ಒಳಗೆ ಹೋದಳು. ತಾನು ಮಾಡಿದ್ದು ಈಗ ಅಬಿದಾಗೆ ನೆಟ್ಟಗೆ ಕಾಣುತ್ತಿತ್ತು. ಬಾಳಮ್ಮ ಎಂಟನೆಯ ಪುಟ ಮುಗಿಸಿ ಹಾಳೆ ತಿರುವುತ್ತಾರೆ, ಬಸ್ಸು ಹತ್ತಿದ ಹುಡುಗಿ ಮನೆಯಲ್ಲಿ ಕೂತಿರುತ್ತಾಳೆ. ಒಂದು ವರ್ಷದ ಕಾಯುವಿಕೆ ಅಲ್ಲಿಗೆ ಹಾಳು. ಇಷ್ಟಾದರೂ ಆ ಪುಟ ಬರೆಯಬಾರದಿತ್ತು ಎಂದು ಅವಳಿಗೆ ಒಮ್ಮೆಯೂ ಅನ್ನಿಸಲಿಲ್ಲ. ಹೇಳಿ ಬರೆಯಬೇಕಿತ್ತು ಎನ್ನಿಸಿತು, ಅಷ್ಟೇ.

ಸಂಕ್ರಾಂತಿಯ ಮರುದಿನ ಅಂಚೆಯ ಪರಸಪ್ಪ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿ, “ಅಬಿದಾ ಯಾಕೂಬಸಾಬ!” ಎಂದು ಊರಿಗೆಲ್ಲ ಕೇಳುವಂತೆ ಕೂಗಿದ. ಕಾರ್ಡು ಬಂದರೆ ಓದದೆ ಕೊಡುವ ಜಾಯಮಾನ ಅವನದಲ್ಲ. ಕೊಟ್ಟ ಮೇಲೆಯೂ ಹೋಗದೆ ಸೈಕಲ್ಲಿಗೆ ಒರಗಿ ನಿಂತ.

ಅಬಿದಾ ಹಿಟ್ಟಿನ ಕೈ ಒರೆಸಿಕೊಂಡು ಬಂದಳು. ಅವಳ ಹೆಸರಿಗೆ ಬಂದ ಮೊದಲ ಕಾಗದ ಅದು.

“ಗಟ್ಟ್ಯಾಗಿ ಓದು” ಎಂದ ಯಾಕೂಬಸಾಬ.

ಅಬಿದಾ ಓದಿದಳು. ಒಂದು ಅಕ್ಷರ ನುಂಗಲಿಲ್ಲ.

“ಚಿ. ಅಬಿದಾಳಿಗೆ ಮುದ್ದೇಬಿಹಾಳದಿಂದ ಬಾಳಮ್ಮ ಮಾಡುವ ಆಶೀರ್ವಾದ. ಪುಸ್ತಕದ ಹೊಲಿಗೆ ಗಟ್ಟಿಯಾಗಿದೆ, ತಂದೆಯವರಿಗೆ ತಿಳಿಸು. ಮೂವತ್ತೊಂದನೆಯ ಕಂತು ನಿನ್ನೆ ಓದಿದೆ. ಅದರಲ್ಲಿ ಏಳು ಪುಟ ಬರೆದವರು ಬೇರೆ, ಎಂಟನೆಯದು ಬರೆದವರು ಬೇರೆ. ಏಳು ಪುಟಗಳಲ್ಲಿ ಮಂದಾಕಿನಿ ಹನ್ನೊಂದು ಸಲ ಕಣ್ಣೊರೆಸಿಕೊಳ್ಳುತ್ತಾಳೆ. ಎಂಟನೆಯದರಲ್ಲಿ ಒಂದು ಸಲವೂ ಇಲ್ಲ. ಇಪ್ಪತ್ತಾರು ವರ್ಷ ಮಕ್ಕಳ ಪೇಪರು ತಿದ್ದಿದ್ದೇನೆ. ನನಗೆ ಇಷ್ಟು ತಿಳಿಯುವುದಿಲ್ಲವೆಂದುಕೊಂಡೆಯಾ?”

ಯಾಕೂಬಸಾಬ ಮಗಳ ಕಡೆ ನೋಡಿದ. “ಏನದು? ಇದ್ದಂಗ ಬರೀತೇನಿ ಅಂದಿದ್ದಿ?”

“ಏಳು ಪುಟ ಇದ್ದಂಗ ಬರದೇನಿ. ಎಂಟನೇದು ನಂದು” ಎಂದಳು ಅಬಿದಾ.

“ಇನ್ನೂ ಐತಿ, ಓದವಾ” ಎಂದ ಪರಸಪ್ಪ, ತಡೆಯಲಾರದೆ.

ಅವಳು ಕಾರ್ಡು ತಿರುವಿದಳು.

“ಮೂವತ್ತೆರಡನೆಯ ಕಂತಿನ ಮೊದಲ ಸಾಲು ಓದಿ ಪುಸ್ತಕ ಮುಚ್ಚಿದ್ದೇನೆ. ಅಲ್ಲಿ ಅಳುತ್ತ ಕೂತವಳು ಯಾರೋ, ನನಗೆ ಗೊತ್ತಿಲ್ಲ. ನನಗೆ ಬೇಕಾದದ್ದು ಬಸ್ಸು ಹತ್ತಿದವಳ ಸುದ್ದಿ. ಮುಂದೇನಾಯಿತು ಎಂದು ನೀನೇ ಬರೆದು, ಹೊಲಿದು, ಬರುವ ಕ್ರಿಸ್‌ಮಸ್ಸಿಗೆ ಕಳಿಸು. ಅವಸರವಿಲ್ಲ. ವರ್ಷ ಕಾಯುವುದು ನನಗೆ ರೂಢಿಯಿದೆ.”

ಯಾಕೂಬಸಾಬ ಕಾರ್ಡು ಇಸಿದುಕೊಂಡು, ಅಕ್ಷರ ಬಾರದಿದ್ದರೂ ಎರಡೂ ಮಗ್ಗುಲು ನೋಡಿ, ತಿರುಗಿ ಅವಳ ಕೈಗೇ ಕೊಟ್ಟ.

“ಒಪ್ಯಾರ?”

“ಒಪ್ಯಾರ.”

ಅವನು ಎದ್ದು ಕಿಟಕಿಯ ಕೆಳಗಿನ ಮಣೆಯ ಮೇಲಿದ್ದ ರಜಿಸ್ಟರುಗಳನ್ನು ಒಂದೊಂದಾಗಿ ಕೆಳಗಿಳಿಸಿದ. ರದ್ದಿಯ ಬುಟ್ಟಿಯನ್ನು ಕಾಲಿನಿಂದ ದೂರ ನೂಕಿದ. ಆಮೇಲೆ ಅಳತೆಪಟ್ಟಿ ಹುಡುಕುತ್ತ, ಮುಖ ಅತ್ತ ಮಾಡಿಯೇ ಕೇಳಿದ, “ಎಷ್ಟು ಪುಟ ಆಗ್ತೈತಿ? ರಟ್ಟು ಈಗ ತಗದಿಡಬೇಕು.”

“ಈಗ ಹೆಂಗ ಹೇಳ್ಲಿ ಅಪ್ಪಾ?” ಎಂದಳು ಅಬಿದಾ, ಮಣೆಯ ಮೇಲೆ ಕೂರುತ್ತ. “ಆಕಿ ಇನ್ನೂ ಟಿಕೀಟ ತಗೊಂಡಿಲ್ಲ.”