ಹದಿನೇಳನೇ ನಂಬರಿನ ರೈಫಲ್

ಧನುಶ್ರೀ ಬೆಂಕಿಕಡ್ಡಿಯ ತುದಿಯಿಂದ ಅಪ್ಪನ ಬಲಗೈ ಹೆಬ್ಬೆರಳಿನ ಉಗುರಿನಡಿ ಕೂತಿದ್ದ ಕಪ್ಪು ಜಿಡ್ಡನ್ನು ಕೆರೆಯುತ್ತಿದ್ದಳು. ಬೆರಳು ಆಗಲೇ ಸೆಟೆದುಕೊಂಡಿತ್ತು. ಕಡ್ಡಿ ಮುರಿಯಿತು. ಅವಳು ಪೊಟ್ಟಣದಿಂದ ಇನ್ನೊಂದು ತೆಗೆದಳು.

"ಬಿಡು ಧನು, ಅದು ಹೋಗಲ್ಲ," ಎಂದಳು ಶಕುಂತಲಮ್ಮ. "ಬದುಕಿದ್ದಾಗ್ಲೇ ಹೋಗ್ಲಿಲ್ಲ."

"ಬಿಳಿ ಬಟ್ಟೆ ಹಾಕ್ತೀವಲ್ಲಮ್ಮ. ಎದ್ದು ಕಾಣುತ್ತೆ."

ಹೊರಗಿನಿಂದ ಬಸವಪ್ರಭುವಿನ ದನಿ ಕೇಳಿಸಿತು. "ಹನ್ನೆರಡೂವರೆಗೆ ಚಿತಾಗಾರದಲ್ಲಿ ಟೈಮ್ ಕೊಟ್ಟಿದಾರೆ. ತಪ್ಪಿಸ್ಕೊಂಡ್ರೆ ಮೂರು ಗಂಟೆ ಮೇಲೇನೆ. ಸ್ನಾನ ಆಯ್ತಾ ನೋಡ್ರಪ್ಪ."

ಶಿವಲಿಂಗಯ್ಯನಿಗೆ ಬಿಳಿ ಪಂಚೆ, ಬಿಳಿ ಅಂಗಿ ತೊಡಿಸಿ, ಚಾಮರಾಜಪೇಟೆಯ ಆ ಓಣಿಯಲ್ಲಿ ಹಾಕಿದ್ದ ಶಾಮಿಯಾನದ ಕೆಳಗೆ ಬೆಂಚಿನ ಮೇಲೆ ಮಲಗಿಸಿದರು. ತಲೆಯ ಹತ್ತಿರ ಬುದ್ಧನ ಪಟ, ಬಾಬಾಸಾಹೇಬರ ಪಟ, ಎರಡರ ನಡುವೆ ಒಂದು ದೀಪ. ಬಂದವರು ಹೂ ಇಟ್ಟು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತರು.

"ಅಂಕಲ್ ಕಮಾಂಡೋ ಆಗಿದ್ರಂತೆ, ಹೌದಾ?" ಎಂದು ಕೇಳಿದಳು ಮೋನಿಷಾ. ಅವಳು ಎದುರುಮನೆಗೆ ಬಾಡಿಗೆಗೆ ಬಂದು ಇನ್ನೂ ಮೂರು ತಿಂಗಳಾಗಿತ್ತು.

"ಕಮಾಂಡೋ ಅಲ್ಲಮ್ಮ, ಕಮಾಂಡೋಗಳ ಗನ್ ರಿಪೇರಿ ಮಾಡ್ತಿದ್ರು," ಎಂದ ಬಸವಪ್ರಭು. ಸುಲ್ತಾನ್‌ಪೇಟೆಯಲ್ಲಿ ಅವನದು ಮದುವೆ ಕಾರ್ಡಿನ ಅಂಗಡಿ. "ಮಿಲಿಟರಿಯಿಂದ ಬಂದ್ಮೇಲೆ ಹದಿನಾರು ವರ್ಷ ನಮ್ಮ ಕಟಿಂಗ್ ಮಷೀನೆಲ್ಲ ಇವ್ರೇ ನೋಡ್ಕೊಂಡಿದ್ದು. ಒಳ್ಳೆ ಕೈ. ಆದ್ರೆ ಒಂದು ಥರಾ ತಲೆನೋವು ನೋಡಿ. ಕೆಟ್ಟಿರೋ ಮಷೀನಿಗೆ ಒಂದು ಕೆಂಪು ದಾರ ಕಟ್ಟೋರು. ಕಟ್ಬಿಟ್ಟು ಅಲ್ಲಿರೋರನ್ನೆಲ್ಲ ಕರೆಯೋರು. 'ನೋಡ್ರಪ್ಪ, ಕಟ್ಟಿದೀನಿ. ನೋಡಿದ್ರಿ ಅಲ್ವಾ?' ಅನ್ನೋರು. ಸಂಜೆ ಮನೆಗೆ ಹೊರಟು, ಅರ್ಧ ದಾರಿಯಿಂದ ವಾಪಸ್ ಬಂದು ಬೀಗ ತೆಗೆಸಿ ಮತ್ತೆ ನೋಡೋರು. ಹುಡುಗ್ರು ಸುಮ್ನಿರ್ತಾರಾ? ಒಂದಿನ ದಾರ ಬಿಚ್ಚಿ ಬಚ್ಚಿಟ್ಟುಬಿಟ್ರು."

"ಆಮೇಲೆ?"

"ಆಮೇಲೇನು, ನೆಲದ ಮೇಲೆ ಕೂತ್ಬಿಟ್ರು ಮನುಷ್ಯ. ಎಬ್ಬಿಸೋಕೆ ಮೂರು ಜನ ಬೇಕಾಯ್ತು." ಬಸವಪ್ರಭು ನಗಲು ಹೋಗಿ, ಹೆಣದ ಕಡೆ ನೋಡಿ ಬಾಯಿ ಒರೆಸಿಕೊಂಡ.

ಮೋನಿಷಾ ಓಣಿಯ ಆಚೆ ಬದಿಯ ಮನೆಯೊಂದನ್ನು ಕಣ್ಣಿನಲ್ಲೇ ತೋರಿಸಿದಳು. "ಆ ಅಜ್ಜಿ ಬರ್ಲಿಲ್ವಲ್ಲ."

"ಸುಬ್ಬಮ್ಮಾನಾ? ಅವ್ರು ಬರಲ್ಲ," ಎಂದ ಬಸವಪ್ರಭು. "ಅವ್ರ ಮಗ ಸತ್ತಿದ್ದು ಇವ್ರ ಗನ್ನಿಂದ್ಲೇ."

•

ಇಪ್ಪತ್ತು ವರ್ಷ ಸೈನ್ಯದಲ್ಲಿದ್ದರೂ ಶಿವಲಿಂಗಯ್ಯ ಶತ್ರುವಿನ ಮೇಲೆ ಒಂದು ಗುಂಡೂ ಹಾರಿಸಿದವನಲ್ಲ. ಕಾಶ್ಮೀರದ ಒಂದು ಕಣಿವೆಯಲ್ಲಿ ಬೀಡುಬಿಟ್ಟಿದ್ದ ವಿಶೇಷ ಪಡೆಯೊಂದರ ಶಸ್ತ್ರಾಗಾರ ಅವನ ಸುಪರ್ದಿಯಲ್ಲಿತ್ತು. ಸದ್ದಡಗಿಸುವ ನಳಿಗೆ ತೊಡಿಸಿದ ಕಾರ್ಬೈನುಗಳು, ಮುಕ್ಕಾಲು ಕಿಲೋಮೀಟರು ದೂರದ ಮನುಷ್ಯನ ಅಂಗಿಯ ಗುಂಡಿ ಎಣಿಸಬಲ್ಲ ಸ್ನೈಪರ್ ರೈಫಲುಗಳು, ಹೊರದೇಶದಿಂದ ಹೊಸದಾಗಿ ಬಂದ ಕುಳ್ಳ ರೈಫಲುಗಳು. ಈ ಕುಳ್ಳ ರೈಫಲುಗಳ ಮ್ಯಾಗಝಿನ್ ಟ್ರಿಗರಿನ ಹಿಂದೆ, ಹೆಗಲಿನ ಪಕ್ಕದಲ್ಲೇ ಕೂರುತ್ತಿತ್ತು. ಇಕ್ಕಟ್ಟಿನ ಮನೆಗಳಿಗೆ ನುಗ್ಗುವವರಿಗೆ ಅವು ಸಲೀಸು; ಕೆಲವೇ ಇದ್ದುದರಿಂದ ಸರದಿಯ ಮೇಲೆ ಹಂಚುತ್ತಿದ್ದರು. ಉಳಿದವುಗಳಲ್ಲಿ ಯಾರ ರೈಫಲ್ ಯಾವುದೆಂದು ನಂಬರು ನೋಡದೆಯೇ ಅವನು ಹೇಳುತ್ತಿದ್ದ. ಒಬ್ಬನ ಕೆನ್ನೆಯ ಬೆವರಿಗೆ ಹಿಡಿಯ ಬಣ್ಣ ಮಾಸಿರುತ್ತಿತ್ತು, ಇನ್ನೊಬ್ಬ ಯೋಚಿಸುವಾಗ ಪಟ್ಟಿಯ ತುದಿ ಕಚ್ಚುತ್ತಿದ್ದ.

ಪಟ್ಟಿ ಕಚ್ಚುತ್ತಿದ್ದವನು ಕೈಲಾಸ್. ಸುಬ್ಬಮ್ಮನ ಒಬ್ಬನೇ ಮಗ. ಮಗನನ್ನು ಸೈನ್ಯಕ್ಕೆ ಕಳಿಸಲು ಒಲ್ಲೆನೆಂದವಳನ್ನು, ರಜೆಗೆ ಬಂದಿದ್ದಾಗ, ಅವಳ ಮನೆಯ ಜಗಲಿಯಲ್ಲೇ ಕೂತು ಒಪ್ಪಿಸಿದ್ದವನು ಶಿವಲಿಂಗಯ್ಯ. ಕೈಲಾಸ್ ಅದೇ ಪಡೆಗೆ ಆಯ್ಕೆಯಾಗಿ ಬಂದ ಮೇಲೆ, ಕನ್ನಡ ಮಾತಾಡುವುದಕ್ಕೆಂದೇ ದಿನಾ ಶಸ್ತ್ರಾಗಾರಕ್ಕೆ ಬರುತ್ತಿದ್ದ.

"ಮಾವ, ನನ್ ಗನ್ನಿಗೆ ಎರಡು ಹನಿ ಎಣ್ಣೆ ಜಾಸ್ತಿ ಹಾಕು."

"ಜಾಸ್ತಿ ಹಾಕಿದ್ರೆ ಧೂಳು ಹಿಡಿಯುತ್ತೆ ಕಣೋ. ಹೋಗು ಆ ಕಡೆ."

ಹದಿನೆಂಟು ವರ್ಷದ ಹಿಂದೆ ಮಾರ್ಚ್ ತಿಂಗಳಲ್ಲಿ, ರಜೆಗೆ ಹೊರಡುವ ಹಿಂದಿನ ಸಂಜೆ, ಶಿವಲಿಂಗಯ್ಯ ಹದಿನೇಳನೇ ನಂಬರಿನ ಕುಳ್ಳ ರೈಫಲನ್ನು ಬಿಚ್ಚಿ ನೋಡಿದ. ಹಾರಿದ ಗುಂಡಿನ ಖಾಲಿ ಕೋಶವನ್ನು ಹಿಡಿದು ಹೊರಗೆಳೆಯುವ ಪುಟ್ಟ ಕೊಕ್ಕೆ ಅದರಲ್ಲಿ ಸವೆದಿತ್ತು. ಹತ್ತು ಗುಂಡು ಸರಿಯಾಗಿ ಹಾರಿ ಹನ್ನೊಂದನೆಯದು ಒಳಗೇ ಸಿಕ್ಕಿಕೊಳ್ಳಬಹುದು. ಅವನು ಅದನ್ನು ರಿಜಿಸ್ಟರಿನಲ್ಲಿ ಬರೆದು, ರೈಫಲಿಗೆ ಕೆಂಪು ಚೀಟಿ ಕಟ್ಟಿದ. ಬಳಸಬಾರದು ಎಂದು ಅದರ ಅರ್ಥ. ಬಾಗಿಲಲ್ಲಿ ಎದುರಾದ ಕ್ಯಾಪ್ಟನ್ ನಿಶಾಂತನಿಗೂ ಹೇಳಿದ. "ಸಾಬ್, ಹದಿನೇಳು ಮುಟ್ಟಬೇಡಿ." ನಿಶಾಂತ್ ಕೂಡ ಕರ್ನಾಟಕದವನು. ಫೋನಿನಲ್ಲಿ ಮಾತಾಡುತ್ತಿದ್ದವನು ಸರಿ ಎಂಬಂತೆ ಕೈ ಎತ್ತಿದ.

ಆರನೆಯ ದಿನ ಶಿವಲಿಂಗಯ್ಯ ಚಾಮರಾಜಪೇಟೆಯ ಮನೆಯಲ್ಲಿ ಧನುಶ್ರೀಯ ಸ್ಕೂಲ್ ಬ್ಯಾಗಿನ ಜಿಪ್ ಸರಿಮಾಡುತ್ತಿದ್ದಾಗ, ನಾಲ್ಕು ಮನೆಯಾಚೆಯಿಂದ ಸುಬ್ಬಮ್ಮನ ಕೂಗು ಕೇಳಿಸಿತು. ನಸುಕಿನಲ್ಲಿ ಒಂದು ಮನೆಗೆ ನುಗ್ಗುವಾಗ ಕೈಲಾಸನ ಕೈಯಲ್ಲಿದ್ದ ರೈಫಲ್ ಕಚ್ಚಿಕೊಂಡಿತ್ತು. ಅವನು ಕೋಶವನ್ನು ಬೆರಳಿನಿಂದ ಕೀಳಲು ಹೆಣಗುತ್ತಿದ್ದಾಗ ಬಾಗಿಲ ಹಿಂದಿದ್ದವನು ಗುಂಡು ಹಾರಿಸಿದ್ದ. ಅದು ಹದಿನೇಳನೇ ನಂಬರು.

ವಿಚಾರಣೆಯಲ್ಲಿ ಕೆಂಪು ಚೀಟಿ ಸಿಗಲಿಲ್ಲ. ರಿಜಿಸ್ಟರಿನಲ್ಲಿ ಹದಿನೇಳರ ಮುಂದೆ 'ಸರಿಯಿದೆ' ಎಂದಿತ್ತು, ಕೆಳಗೆ ಶಿವಲಿಂಗಯ್ಯನದೇ ಸಹಿ. ಹಿಂದಿನ ತಿಂಗಳ ತಪಾಸಣೆಯ ಸಹಿ ಅದು. ಈ ತಿಂಗಳ ಹಾಳೆ ಪುಸ್ತಕದಲ್ಲಿರಲಿಲ್ಲ. ರಜೆಯ ಗಡಿಬಿಡಿಯಲ್ಲಿ ತಪಾಸಣೆಯನ್ನೇ ಮಾಡದೆ ಹೋಗಿದ್ದಾನೆ ಎಂದು ತೀರ್ಮಾನವಾಯಿತು. ಬಡ್ತಿ ನಿಂತಿತು. ಎರಡು ವರ್ಷದಲ್ಲಿ ಪೆನ್ಷನ್ ಮೇಲೆ ಊರಿಗೆ ಬಂದ.

ಸುಲ್ತಾನ್‌ಪೇಟೆಗೆ ಹೋಗಲು ಬೇರೆ ದಾರಿಯೂ ಇತ್ತು. ಆದರೂ ಅವನು ದಿನಾ ಸುಬ್ಬಮ್ಮನ ಮನೆಯ ಮುಂದೆಯೇ ಹಾದುಹೋಗುತ್ತಿದ್ದ. ಜಗಲಿಯಲ್ಲಿ ಕೂತ ಸುಬ್ಬಮ್ಮ ದಿನಾ ಒಂದೇ ಮಾತು ಕೇಳುತ್ತಿದ್ದಳು.

"ಏನ್ ಶಿವಲಿಂಗಯ್ಯ, ನನ್ ಮಗನ ಗನ್ನು ರಿಪೇರಿ ಆಯ್ತಾ?"

ಹದಿನಾರು ವರ್ಷ ಅವಳು ದನಿ ಏರಿಸಲಿಲ್ಲ. ಅವನು ತಲೆ ತಗ್ಗಿಸಿ ಅಂಗಡಿಯ ಕಡೆ ನಡೆಯುತ್ತಿದ್ದ.

ಮನೆಯಲ್ಲಿ ಮಾತ್ರ, ಊಟದ ನಡುವೆ, ತಟ್ಟೆಯಲ್ಲಿ ಕೈ ನಿಲ್ಲಿಸಿ ಕೇಳುತ್ತಿದ್ದ. "ಶಕುಂತಲಾ, ನಾನು ಕಟ್ಟಿದ್ದೆ. ಎರಡು ಗಂಟು ಹಾಕಿದ್ದೆ. ಕಟ್ಟಿದ್ದೆ ಅಲ್ವಾ?"

"ಕಟ್ಟಿದ್ರಿ ರೀ, ಊಟ ಮಾಡಿ," ಎನ್ನುತ್ತಿದ್ದಳು ಅವಳು ಮೊದಮೊದಲು. ವರ್ಷಗಳು ಕಳೆದಂತೆ ಅವಳಿಗೂ ಸಾಕಾಯಿತು. ಒಂದು ದಿನ, ಒಲೆಯ ಮೇಲೆ ಹಾಲು ಉಕ್ಕಿ, ಧನುಶ್ರೀಗೆ ಜ್ವರವಿದ್ದು, ಅವನು ಅದೇ ಪ್ರಶ್ನೆಯನ್ನು ಮೂರನೇ ಸಲ ಕೇಳಿದಾಗ, ಸೌಟು ಕೆಳಗಿಟ್ಟು ತಿರುಗಿ ನಿಂತಳು.

"ಇಲ್ಲ ರೀ. ಕಟ್ಲಿಲ್ಲ. ಕಟ್ಟಿದ್ರೆ ಇರ್ತಿತ್ತು. ಮನೆಗೆ ಬರೋ ಆತ್ರದಲ್ಲಿ ಮರೆತ್ರಿ, ಆ ಹುಡ್ಗ ಸತ್ತ. ಒಪ್ಕೊಂಡ್ಬಿಡಿ, ನಮ್ಗೂ ನೆಮ್ಮದಿಯಾಗುತ್ತೆ."

ಶಿವಲಿಂಗಯ್ಯ ತಟ್ಟೆ ನೋಡುತ್ತ ಕೂತಿದ್ದ. ಆಮೇಲೆ, "ಇರ್ಬಹುದು," ಎಂದ. ಅದಾದ ಮೇಲೆ ಮನೆಯಲ್ಲಿ ಆ ಪ್ರಶ್ನೆ ಕೇಳಲಿಲ್ಲ. ಅಂಗಡಿಯಲ್ಲಿ ಕೆಂಪು ದಾರ ಕಟ್ಟಲು ಶುರುಮಾಡಿದ್ದು ಆಗಲೇ.

•

ಹನ್ನೊಂದು ಗಂಟೆಗೆ ಓಣಿಯ ತುದಿಯಲ್ಲಿ ಕಾರೊಂದು ನಿಂತಿತು. ಬೂದುಬಣ್ಣದ ಸಫಾರಿ ತೊಟ್ಟ, ನೆಟ್ಟಗೆ ನಡೆಯುವ ಮನುಷ್ಯನೊಬ್ಬ ಹೂವಿನ ಚಕ್ರ ಹಿಡಿದು ಬಂದ.

"ಕರ್ನಲ್ ಸಾಹೇಬ್ರು," ಎಂದು ಬಸವಪ್ರಭು ಎದ್ದು ಕುರ್ಚಿ ಕೊಟ್ಟ. ಓಣಿಯವರಿಗೆಲ್ಲ ನಿಶಾಂತನ ಪರಿಚಯವಿತ್ತು. ಪ್ರತಿ ವರ್ಷ ಕೈಲಾಸ್ ಸತ್ತ ದಿನ ಅವನು ಸುಬ್ಬಮ್ಮನ ಮನೆಗೆ ಬಂದು, ಅವಳ ಕಾಲಿಗೆ ನಮಸ್ಕರಿಸಿ, ಊಟ ಮಾಡಿ ಹೋಗುತ್ತಿದ್ದ. ಈ ಮನೆಗೆ ಬಂದದ್ದು ಇದೇ ಮೊದಲು.

ಚಕ್ರವನ್ನು ಹೆಣದ ಕಾಲ ಬಳಿ ಇಟ್ಟು ಅವನು ಶಕುಂತಲಮ್ಮನ ಹತ್ತಿರ ಬಗ್ಗಿದ. "ಅಮ್ಮ, ಎರಡು ನಿಮಿಷ ಒಳಗೆ ಮಾತಾಡ್ಬಹುದಾ?"

ಅಡುಗೆಮನೆಯಲ್ಲಿ ಅವನು ಸಿಂಕಿಗೆ ಬೆನ್ನು ಕೊಟ್ಟು ನಿಂತ. ಹೇಳಬೇಕಾದದ್ದನ್ನು ಕಾರಿನಲ್ಲೇ ಜೋಡಿಸಿಕೊಂಡು ಬಂದವನಂತೆ ಒಂದೇ ಉಸಿರಿಗೆ ಹೇಳಿದ.

"ಶಿವಲಿಂಗಯ್ಯನವರು ಚೀಟಿ ಕಟ್ಟಿದ್ರು. ಬಿಚ್ಚಿದ್ದು ನಾನು. ಹನ್ನೆರಡು ಜನ ಹೋಗ್ಬೇಕಿತ್ತು, ಹನ್ನೊಂದು ರೈಫಲ್ ಇತ್ತು. ಐದು ಗುಂಡು ಹಾರಿಸಿ ನೋಡ್ದೆ, ಸರಿಯಾಗೇ ಇತ್ತು. ಸರದೀಲಿ ಅದು ಕೈಲಾಸ್‌ಗೆ ಹೋಯ್ತು."

ಶಕುಂತಲಮ್ಮ ಸೆರಗು ಬಿಗಿದುಕೊಂಡಳು. "ಚೀಟಿ?"

"ಜೇಬಲ್ಲಿತ್ತು. ಸುಟ್ಟೆ. ಹಾಳೇನೂ ನಾನೇ ಹರಿದಿದ್ದು."

"ವಿಚಾರಣೇಲಿ ನೀವಿದ್ರಾ?"

"ಇದ್ದೆ. ಅವ್ರು ನನ್ ಕಡೆ ತಿರುಗಿ, 'ಸಾಬ್, ನಿಮ್ಗೆ ಹೇಳಿದ್ದೆ ಅಲ್ವಾ' ಅಂದ್ರು." ಅವನು ವಾಚಿನ ಪಟ್ಟಿ ಸರಿಮಾಡಿಕೊಂಡ. "ನೆನಪಿಲ್ಲ ಅಂದೆ."

ಹೊರಗೆ ಯಾರೋ ಧೂಪ ಹಚ್ಚಿ ಕೆಮ್ಮಿದರು.

"ಅವ್ರು ಬದುಕಿದ್ದಾಗ ಯಾಕ್ ಹೇಳ್ಲಿಲ್ಲ?"

"ನನ್ನ ಸರ್ವಿಸ್ ಇತ್ತಮ್ಮ. ಹೋದ ತಿಂಗಳು ರಿಟೈರ್ ಆದೆ. ಇನ್ಮೇಲೆ ಹೇಳಿದ್ರೆ ಯಾರಿಗೂ ತೊಂದ್ರೆ ಇಲ್ಲ ಅಂತ..." ಅವನು ಹೊರಗಿನ ಶಾಮಿಯಾನದ ಕಡೆ ನೋಡಿದ. "ಅವ್ರನ್ನೇ ಕಂಡು ಹೇಳ್ಬೇಕು ಅಂದ್ಕೊಂಡಿದ್ದೆ. ಬೆಳಿಗ್ಗೆ ನಮ್ ಯೂನಿಟ್ ಗ್ರೂಪಲ್ಲಿ ಮೆಸೇಜ್ ನೋಡ್ದೆ."

ಶಕುಂತಲಮ್ಮ ಕೇಳಿಸಿಕೊಳ್ಳುತ್ತಿರಲಿಲ್ಲ. ತಟ್ಟೆ ನೋಡುತ್ತ ಕೂತ ಗಂಡ, 'ಇರ್ಬಹುದು' ಎಂದ ಅವನ ದನಿ, ಅವಳ ಕಿವಿ ತುಂಬಿತ್ತು. ಅವಳು ಮುಂದೆ ಬಂದು ನಿಶಾಂತನ ಮಣಿಕಟ್ಟು ಹಿಡಿದಳು.

"ಬನ್ನಿ."

"ಎಲ್ಲಿಗಮ್ಮ?"

"ಸುಬ್ಬಮ್ಮನ ಹತ್ರ. ನಂಗೆ ಹೇಳಿದ್ದನ್ನೇ ಅಲ್ಲೂ ಹೇಳಿ. ಹೆಣ ಎತ್ತೋಕೆ ಮುಂಚೆ ಹೇಳಿ."

ಕೆದರಿದ ಕೂದಲಿನಲ್ಲಿ, ಬರಿಗಾಲಿನಲ್ಲಿ, ಅವಳು ಅವನನ್ನು ಎಳೆದುಕೊಂಡು ಶಾಮಿಯಾನದ ನಡುವೆಯೇ ನಡೆದಳು. ಕೂತವರು ಎದ್ದರು. ಧನುಶ್ರೀ ಹಿಂದೆ ಓಡಿದಳು.

ಸುಬ್ಬಮ್ಮ ಜಗಲಿಯಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಹದಿನೆಂಟು ವರ್ಷದಲ್ಲಿ ಶಕುಂತಲಮ್ಮ ಆ ಮೆಟ್ಟಿಲ ಬಳಿ ಬಂದಿದ್ದು ಇದೇ ಮೊದಲು.

"ಸುಬ್ಬಮ್ಮ, ನಮ್ಮನೇರು ಚೀಟಿ ಕಟ್ಟಿದ್ರಂತೆ. ಇವ್ರು ಅದನ್ನ ಬಿಚ್ಚಿ ನಿಮ್ ಕೈಲಾಸಂಗೆ ಗನ್ ಕೊಟ್ರಂತೆ. ಇವ್ರೇ ಹೇಳ್ತಿದಾರೆ. ಕೇಳಿ."

ಸುಬ್ಬಮ್ಮ ಅವಳನ್ನು ನೋಡಲಿಲ್ಲ. ನಿಶಾಂತನನ್ನು ನೋಡಿದಳು. ಅವಳ ಬೆನ್ನ ಹಿಂದೆ, ಒಳಗಿನ ಗೋಡೆಯ ಮೇಲೆ, ಸಮವಸ್ತ್ರದ ಕೈಲಾಸನ ಪಟವಿತ್ತು. ಅದರ ಪಕ್ಕದಲ್ಲೇ ಅವಳ ಹೆಗಲ ಮೇಲೆ ಕೈಯಿಟ್ಟು ನಿಂತ ನಿಶಾಂತನ ಫೋಟೋ ಇತ್ತು.

"ಹೌದೇನಪ್ಪಾ?" ಎಂದು ಕೇಳಿದಳು. ಮುದುಕಿ ಕೈಯಲ್ಲಿದ್ದ ಅವರೆಕಾಯಿಯನ್ನು ಸುಲಿಯದೆ ಹಿಡಿದಿದ್ದಳು. "ಹೇಳು ಮಗ. ನಾನು ಹೆತ್ತೋನು ಹೋದ. ಉಳಿದಿರೋನು ನೀನೊಬ್ನೇ. ಏನಿದ್ರೂ ಹೇಳು."

ನಿಶಾಂತ್ ಬಾಯಿ ತೆರೆದ. ಓಣಿಯವರೆಲ್ಲ ಅಷ್ಟು ದೂರದಲ್ಲಿ ಗುಂಪಾಗಿ ನಿಂತಿದ್ದರು. ಅವನು ಗುಂಪನ್ನು ನೋಡಿದ, ಸುಬ್ಬಮ್ಮನ ಕೈಯನ್ನು ನೋಡಿದ.

"ಇಲ್ಲಮ್ಮ," ಎಂದ. "ಅವ್ರಿಗೆ ದುಃಖದಲ್ಲಿ ಏನೋ ಹಂಗೆ ಕೇಳ್ಸಿರ್ಬೇಕು. ಶಿವಲಿಂಗಯ್ಯ ಒಳ್ಳೆಯವ್ರು ಅಂದೆ. ಅಷ್ಟೇ."

ಶಕುಂತಲಮ್ಮ ಹಿಡಿದಿದ್ದ ಮಣಿಕಟ್ಟನ್ನು ಅವನು ನಿಧಾನವಾಗಿ, ನೋವಾಗದಂತೆ ಬಿಡಿಸಿಕೊಂಡ.

"ಅಡುಗೆಮನೇಲಿ ಹೇಳಿದ್ರಿ," ಎಂದಳು ಅವಳು. "ಸುಟ್ಟೆ ಅಂದ್ರಿ. ಹಾಳೆ ಹರ್ದೆ ಅಂದ್ರಿ."

ಸುಬ್ಬಮ್ಮ ದೀರ್ಘವಾಗಿ ಉಸಿರು ಬಿಟ್ಟಳು. ಮುಖದ ಬಿಗಿ ಇಳಿದಿತ್ತು. ಅವಳು ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಶಕುಂತಲಮ್ಮನ ಜೊತೆ ಮೆತ್ತಗೆ ಮಾತಾಡಿದಳು. "ಗಂಡ ಸತ್ತಿದಾನೆ, ತಲೆ ಕೆಟ್ಟಿದೆ ನಿಂಗೆ. ನಂಗೇನೂ ಕೋಪ ಇಲ್ಲ. ಹೋಗಮ್ಮ, ಹೆಣ ಕಾಯ್ತಿದೆ."

ಧನುಶ್ರೀ ತಾಯಿಯ ಭುಜ ಹಿಡಿದು ತಿರುಗಿಸಿದಳು. ಜನ ದಾರಿ ಬಿಟ್ಟರು. ಯಾರೋ ಹೆಂಗಸು, "ಪಾಪ," ಎಂದಳು.

"ಧನು, ನಿಮ್ಮಪ್ಪ ಚೀಟಿ ಕಟ್ಟಿದ್ರು ಕಣೆ."

"ಹೌದಮ್ಮ."

"ನಿಜವಾಗ್ಲೂ. ಎರಡು ಗಂಟು ಹಾಕಿದ್ರು. ಆ ಮನುಷ್ಯ ನನ್ನೆದುರಿಗೇ ಒಪ್ಕೊಂಡ."

"ಹೌದಮ್ಮ, ಕಟ್ಟಿದ್ರು. ಸ್ವಲ್ಪ ನೀರು ಕುಡಿ."

ಶಕುಂತಲಮ್ಮ ಮಗಳ ಮುಖ ನೋಡಿದಳು. ಆ ದನಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ವರ್ಷಗಟ್ಟಲೆ ಅದೇ ದನಿಯಲ್ಲಿ ಅವಳು ಗಂಡನಿಗೆ ಊಟ ಬಡಿಸಿದ್ದಳು. ಲೋಟ ತೆಗೆದುಕೊಂಡು ನೀರು ಕುಡಿದಳು.

ಹನ್ನೆರಡಕ್ಕೆ ವ್ಯಾನು ಬಂತು. ಬುದ್ಧ ವಂದನೆ ಹೇಳಿ ಶಿವಲಿಂಗಯ್ಯನನ್ನು ಹತ್ತಿಸಿದರು. ಶಕುಂತಲಮ್ಮನೂ ಧನುಶ್ರೀಯೂ ಹೆಣದ ಪಕ್ಕದ ಸೀಟಿನಲ್ಲಿ ಕೂತರು. "ಟೈಮಿಗೆ ಹೋಗ್ಬಿಡ್ಬಹುದು," ಎಂದು ಬಸವಪ್ರಭು ಡ್ರೈವರನ ಪಕ್ಕ ಹತ್ತಿದ. ಓಣಿ ಇಕ್ಕಟ್ಟು. ಓಣಿಯ ತುದಿಯಲ್ಲಿದ್ದ ಕರ್ನಲ್‌ನ ಕಾರನ್ನು ಅದರ ಡ್ರೈವರ್ ಸರಿಸುವವರೆಗೆ, ವ್ಯಾನು ಸುಬ್ಬಮ್ಮನ ಮನೆಯ ಎದುರು ಒಂದು ನಿಮಿಷ ನಿಲ್ಲಬೇಕಾಯಿತು.

ಬಾಗಿಲು ತೆರೆದೇ ಇತ್ತು. ಒಳಗೆ ಕುರ್ಚಿಯ ಮೇಲೆ ನಿಶಾಂತ್ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದ, ಹೆಗಲು ಕುಲುಕುತ್ತಿತ್ತು. ಸುಬ್ಬಮ್ಮ ಅವನ ಕೈಗಳನ್ನು ಒಂದೊಂದಾಗಿ ಸರಿಸಿ, ತಲೆಯನ್ನು ತನ್ನ ಹೊಟ್ಟೆಗೆ ಒರಗಿಸಿಕೊಂಡು, ಸೆರಗಿನ ತುದಿಯಿಂದ ಅವನ ಕಣ್ಣೊರೆಸುತ್ತಿದ್ದಳು.